ಬಸಲಿಂಗವ್ವನ ಮನೆಯಲ್ಲಿ ಉಣ್ಣದವಳು

ನಾನೊಂದು ಜೇಡ. ಗೋಡೆಯ ಮೂಲೆಯಲ್ಲಿ ಬಲೆ ಕಟ್ಟಿ ತೂಗಾಡುವ ಕಡ್ಡಿಕಾಲಿನ ಜೇಡವಲ್ಲ. ಟರಾಂಟುಲಾ ಎನ್ನುವ ಜಾತಿಯವಳು. ಮೈತುಂಬ ಕಂದು ರೋಮ, ಎಂಟು ದಪ್ಪ ಕಾಲು, ಪೂರ್ತಿ ಬೆಳೆದರೆ ಅಂಗೈ ತುಂಬುವಷ್ಟು ಗಾತ್ರ. ಕಣ್ಣೂ ಎಂಟಿವೆ. ಆದರೆ ಬೆಳಕು, ನೆರಳು ಬಿಟ್ಟರೆ ಅವಕ್ಕೆ ಹೆಚ್ಚೇನೂ ಕಾಣದು. ಲೋಕವನ್ನು ನಾನು ಕಾಲಿನಿಂದಲೇ ತಿಳಿಯುತ್ತೇನೆ. ನೆಲ ನಡುಗಿದರೆ ಯಾರೋ ಬಂದರು, ಗಾಳಿ ಅಲುಗಿದರೆ ಯಾರೋ ಮುಚ್ಚಳ ತೆಗೆದರು. ಮನುಷ್ಯರ ಮಾತು ಕೂಡ ರೋಮದ ತುದಿಯಲ್ಲಿ ನಡುಗಿಯೇ ನನ್ನೊಳಗೆ ಬರುತ್ತದೆ.

ಹುಟ್ಟಿದ್ದು ಬೆಳಗಾವಿಯಲ್ಲಿ, ಸಮೀರ ಮುಲ್ಲಾ ಎಂಬುವವನ ಮನೆಯ ಹಿಂದಿನ ಕೋಣೆಯಲ್ಲಿ. ಅವನಿಗೆ ಜೇಡ ಸಾಕುವ ಹುಚ್ಚು. ನನ್ನ ತಾಯಿ ನೂಲಿನ ಉಂಡೆಯೊಳಗೆ ಬಚ್ಚಿಟ್ಟ ಮೊಟ್ಟೆಗಳಿಂದ ನಾವು ನಾನೂರಕ್ಕೂ ಹೆಚ್ಚು ಮಂದಿ ಹೊರಬಂದೆವಂತೆ, ಒಬ್ಬೊಬ್ಬರೂ ಸಾಸಿವೆ ಕಾಳಿನಷ್ಟು. ಒಟ್ಟಿಗೆ ಬಿಟ್ಟರೆ ಒಬ್ಬರನ್ನೊಬ್ಬರು ತಿಂದು ಮುಗಿಸುವ ಮಂದಿ ನಾವು. ಅದಕ್ಕೇ ಸಮೀರ ನಮ್ಮನ್ನು ಒಂದೊಂದು ಮಾತ್ರೆ ಡಬ್ಬಿಗೆ ಹಾಕಿ ಬೇರೆ ಮಾಡಿದ. ಒಡಹುಟ್ಟಿದವರ ನೆನಪು ನನಗೆ ಅಷ್ಟೇ.

ಹುಣಸೆ ಬೀಜದಷ್ಟು ಆದಾಗ ನನ್ನನ್ನು ಅವನ ಸಹಪಾಠಿ ದಾಕ್ಷಾಯಿಣಿ ಕರೆದೊಯ್ದಳು. ಗದಗಿನ ಕಾಲೇಜೊಂದರಲ್ಲಿ ಆಕೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಮುಂದಿನ ವರ್ಷ ಅದೇ ಊರಿನ ಈರಣ್ಣನೊಂದಿಗೆ ಅವಳ ಮದುವೆಯಾಯಿತು. ಸೀರೆ, ಪಾತ್ರೆಗಳ ಜೊತೆ ನಾನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅವಳ ಗಂಡನ ಮನೆಗೆ ಹೋದೆ.

ಆ ಮನೆಯ ಕೆಳಗೆ ಖಾನಾವಳಿ, ಮೇಲೆ ವಾಸ. ನಡೆಸುವವಳು ಈರಣ್ಣನ ತಾಯಿ ಬಸಲಿಂಗವ್ವ. ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತೆಂಟು. ಅಂದಿನಿಂದ ಮೂವತ್ತು ವರ್ಷ ಒಂದು ದಿನವೂ ಒಲೆ ಆರಿಸದೆ ಬಸ್‌ಸ್ಟ್ಯಾಂಡಿನ ಮಂದಿಗೆ ರೊಟ್ಟಿ ಹಾಕಿದವಳು. ಬೆಳಗಾಗುತ್ತಲೇ ಅವಳು ರೊಟ್ಟಿ ಬಡಿಯುವ ಸದ್ದು ಗೋಡೆ ಹತ್ತಿ ನನ್ನ ಕಾಲಿಗೆ ತಾಗುತ್ತಿತ್ತು. ಎಲೆಯ ಮೇಲೆ ಅರ್ಧ ರೊಟ್ಟಿ ಬಿಟ್ಟು ಯಾರಾದರೂ ಎದ್ದರೆ ಸಾಕು, ಏನು ಕೆಟ್ಟಿದೆ ಅಂತ ಕೇಳದೆ ಅವಳು ಬಿಡುತ್ತಿರಲಿಲ್ಲ.

ಮದುವೆಯಾದ ಮೂರನೆಯ ದಿನ, ಸೊಸೆಯ ಸಾಮಾನಿನ ನಡುವೆ ಇದ್ದ ನನ್ನ ಡಬ್ಬಿಯನ್ನು ಶೇಂಗಾ ಹೋಳಿಗೆ ಇರಬೇಕೆಂದು ಬಸಲಿಂಗವ್ವ ತೆರೆದಳು.

ಅವಳು ಕಿರುಚಿದ್ದು ಕೆಳಗೆ ಉಣ್ಣುತ್ತಿದ್ದವರಿಗೆಲ್ಲ ಕೇಳಿಸಿತು. ಮುಚ್ಚಳ ಒಂದು ಕಡೆ ಬಿತ್ತು, ಅವಳು ಒಂದು ಕಡೆ. ನಾನೂ ಬೆದರಿ ಮಣ್ಣಿಗೆ ಅಂಟಿಕೊಂಡೆ. ದಾಕ್ಷಾಯಿಣಿ ಓಡಿಬಂದಳು.

"ಅಯ್ಯ ಶಿವನ! ಏನವ್ವ ಇದು?"

"ಜೇಡರೀ ಅತ್ತಿ. ನಾ ಸಾಕೀನಿ."

"ಸಾಕೀದಿ? ಮಂದಿ ಆಕಳ ಸಾಕತಾರ, ಬೆಕ್ಕ ಸಾಕತಾರ. ಇದನ್ಯಾರು ಸಾಕತಾರ? ಏನ್ ತಿಂತೈತಿ ಇದು?"

"ಮಿಡತಿ ತಿಂತೈತ್ರಿ."

"ಜೀವ ಇದ್ದದ್ದು?"

"ಹೂನ್ರಿ."

ಬಸಲಿಂಗವ್ವ ಎದ್ದವಳು ಮತ್ತೆ ಕೂತುಬಿಟ್ಟಳು. "ನನ್ನ ಮನ್ಯಾಗ ಒಂದು ತತ್ತಿ ಸೈತ ಬಂದಿಲ್ಲ ತಂಗಿ. ಇರಿವಿ ಕಂಡ್ರ ದಾಟಿ ಹೋಗಾಕಿ ನಾ." ಆಮೇಲೆ ಮೆಟ್ಟಿಲು ಇಳಿಯುತ್ತ, ಯಾರಿಗೂ ಅಲ್ಲವೆಂಬಂತೆ, ಎಲ್ಲರಿಗೂ ಕೇಳುವಂತೆ ಅಂದಳು: "ತಾನಾ ಸತ್ತು ಹೋದ್ರ ಚಲೋ ಆಗತಿತ್ತು."

ಡಬ್ಬಿ ಹಿಡಿದಿದ್ದ ದಾಕ್ಷಾಯಿಣಿಯ ಬೆರಳು ಒಮ್ಮೆ ಬಿಗಿಯಾದವು.

ಆರೇಳು ತಿಂಗಳು ಹೀಗೇ ಕಳೆಯಿತು. ನನಗೊಂದು ಗಾಜಿನ ಪೆಟ್ಟಿಗೆ ಬಂತು, ಅದರಲ್ಲಿ ಮಣ್ಣು, ಅಡಗಲು ಒಂದು ಮರದ ತೊಗಟೆ, ನೀರಿನ ಬಟ್ಟಲು. ಬಸಲಿಂಗವ್ವ ನನ್ನ ಕೋಣೆಯ ಮುಂದೆ ಹಾಯುವಾಗ ಮಾತ್ರ ಅವಳ ಹೆಜ್ಜೆ ಚುರುಕಾಗುತ್ತಿತ್ತು. ಅಷ್ಟರಲ್ಲಿ ದಾಕ್ಷಾಯಿಣಿಗೆ ಮೈಸೂರಿನಲ್ಲಿ ಇಪ್ಪತ್ತೊಂದು ದಿನದ ತರಬೇತಿ ಬಂತು. ಈರಣ್ಣ ಮೊದಲೇ ಕೈ ಮುಗಿದುಬಿಟ್ಟ: "ನನ್ನ ಕಡಿಂದ ಆಗೂದಿಲ್ಲ. ಅದನ್ನ ನೋಡಿದ್ರ ನನ್ನ ಮೈಯೆಲ್ಲ ಜುಮ್ ಅಂತೈತಿ." ದಾಕ್ಷಾಯಿಣಿ ಅತ್ತೆಯ ಹತ್ತಿರ ಹೋದಳು.

"ಈ ಜಾಡ್ಯಾಗಿನ ಮಿಡತಿ ವಾರಕ್ಕೊಂದು ಬಿಡ್ರಿ ಅತ್ತಿ. ಸಂಜಿತನಕ ತಿನ್ನಲಿಲ್ಲ ಅಂದ್ರ ಚಿಮಟಿಗಿಲೆ ತಗದು ಹೊರಗ ಹಾಕ್ರಿ. ಬಟ್ಟಲದಾಗ ನೀರು ಇರಲಿ. ಅಷ್ಟ."

ಬಸಲಿಂಗವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬಡಿದು ಮುಗಿಸಿದಳು. ಕೊನೆಗೆ "ಇಟ್ಟು ಹೋಗು" ಅಂದಳು.

ಮೊದಲ ವಾರ ಅವಳು ಕಣ್ಣು ಮುಚ್ಚಿ "ಶಿವ ಶಿವ" ಎನ್ನುತ್ತ ಒಂದು ಮಿಡತೆಯನ್ನು ಒಳಗೆ ಬಿಟ್ಟಳು. ನಾನು ತಿನ್ನಲಿಲ್ಲ. ಮಿಡತೆ ನನ್ನ ಕಾಲ ಮೇಲೆಯೇ ಹಾದುಹೋಯಿತು, ನಾನು ಅಲುಗಲೂ ಇಲ್ಲ. ಸಂಜೆ ಅದನ್ನು ಚಿಮಟಿಗೆಯಿಂದ ತೆಗೆದು ಕಿಟಕಿಯಾಚೆ ಬಿಡುವಾಗ ಅವಳಿಗೆ ಒಳಗೊಳಗೇ ಸಮಾಧಾನವಾಗಿರಬೇಕು. ಒಂದು ಜೀವ ಉಳಿಯಿತಲ್ಲ.

ಎರಡನೆಯ ವಾರವೂ ನಾನು ತಿನ್ನದಿದ್ದಾಗ ಆ ಸಮಾಧಾನ ಹೋಯಿತು.

ನನ್ನ ಕಡೆಯ ಮಾತನ್ನು ಇಲ್ಲಿ ಹೇಳಬೇಕು. ನಮ್ಮ ಚರ್ಮ ಬೆಳೆಯುವುದಿಲ್ಲ, ಒಳಗಿನ ಮೈ ಬೆಳೆಯುತ್ತದೆ. ಕಳೆದ ವರ್ಷದ ಕುಬುಸ ಈ ವರ್ಷ ಬಿಗಿಯುವ ಹಾಗೆ ಒಂದು ದಿನ ಚರ್ಮ ಎಲ್ಲ ಕಡೆಯಿಂದ ಒತ್ತತೊಡಗುತ್ತದೆ. ಆಗ ಹಸಿವು ಸಾಯುತ್ತದೆ. ಹಳೆಯ ಚರ್ಮ ಕಳಚುವತನಕ ವಾರಗಟ್ಟಲೆ ನಾವು ಏನನ್ನೂ ಮುಟ್ಟುವುದಿಲ್ಲ. ದಾಕ್ಷಾಯಿಣಿಗೆ ಇದು ಗೊತ್ತಿತ್ತು, ಆದರೆ ಇಷ್ಟು ಬೇಗ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬಸಲಿಂಗವ್ವನಿಗೆ ಗೊತ್ತಿದ್ದದ್ದು ಒಂದೇ: ತನ್ನ ಸೂರಿನ ಕೆಳಗೆ ಒಂದು ಜೀವ ಉಣ್ಣುತ್ತಿಲ್ಲ.

ಅವಳು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತತೊಡಗಿದಳು. ಒಮ್ಮೆ ರೊಟ್ಟಿಯ ಚೂರು, ಒಮ್ಮೆ ಹಾಲಿನಲ್ಲಿ ಅದ್ದಿದ ಹತ್ತಿ, ಒಮ್ಮೆ ಬಾಳೆಹಣ್ಣು. ಪೆಟ್ಟಿಗೆಗೆ ಬಾಯಿ ಹಚ್ಚಿ ಅನ್ನುವಳು: "ಒಂದ ತುತ್ತು ತಿನ್ನವ್ವಾ. ಖಾರ ಹಾಕಿಲ್ಲ ನೋಡು."

ಮೈಸೂರಿನಿಂದ ಫೋನು ಬಂತು. ಬಸಲಿಂಗವ್ವನ ಒಂದು ಕಿವಿ ಮಂದ, ಅದಕ್ಕೇ ಫೋನಿನ ದನಿಯನ್ನು ಯಾವಾಗಲೂ ಜೋರಾಗಿಯೇ ಇಟ್ಟಿರುತ್ತಿದ್ದಳು.

"ತಿಂತೇನ್ರಿ ಅತ್ತಿ ಅದು?"

"ಹೂಂ ತಂಗಿ, ತಿಂದ್ಲು. ಚಂದಾಗಿ ತಿಂದ್ಲು."

ಫೋನು ಇಟ್ಟ ಮೇಲೆ ಬಾಗಿಲಲ್ಲಿ ನಿಂತಿದ್ದ ಈರಣ್ಣ ಕೇಳಿದ: "ಯಾಕಬೇ ಅವ್ವಾ, ಸುಳ್ಳ್ಯಾಕ ಹೇಳಿದಿ?"

"ಮತ್ತೇನ್ ಹೇಳ್ಲಿ? ಸತ್ತು ಹೋಗಲಿ ಅಂತ ನನ್ನ ಬಾಯಿಲೇ ಅಂದೀನಿ. ಅಕಿ ಕೇಳಿಸ್ಕೊಂಡಾಳ. ಈಗ ಇದು ಉಪವಾಸ ಬಿದ್ದು ಸತ್ರ, ಅತ್ತಿನೇ ಕೊಂದ್ಲು ಅನ್ನೂದಿಲ್ಲೇನು?" ಅವಳ ದನಿ ಸಣ್ಣಗಾಯಿತು. "ಅನ್ನಲಿಲ್ಲ ಅಂದ್ರೂ, ಮನಸಿನ್ಯಾಗ ಅನ್ಕೋತಾಳ."

ಮೂರನೆಯ ವಾರ ಅವಳು ಜಾಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಿಡತೆಯನ್ನೇ ಆರಿಸಿ ಬಿಟ್ಟಳು. ಅದು ಜಿಗಿದು ತೊಗಟೆಯ ಹಿಂದೆ ಅಡಗಿತು. ಸಂಜೆ ಬಂದು ನೋಡಿದರೆ ಎಲ್ಲೂ ಕಾಣಲಿಲ್ಲ. ನಾನೇ ತಿಂದೆನೆಂದು ಅವಳು ತಿಳಿದಳು. "ಈರಣ್ಣಾ, ಉಂಡ್ಲೋ! ಉಂಡ್ಲು!" ಎಂದು ಕೂಗುತ್ತ ಮೆಟ್ಟಿಲು ಇಳಿದಳು. ಆ ಸಂಜೆ ಖಾನಾವಳಿಗೆ ಬಂದವರಿಗೆಲ್ಲ ಒಂದೊಂದು ಹೋಳಿಗೆ ಹೆಚ್ಚಿಗೆ ಬಿದ್ದಿತಂತೆ.

ಮರುದಿನ ಮಧ್ಯಾಹ್ನ ನನ್ನ ಹೊತ್ತು ಬಂತು. ಮಣ್ಣಿನ ಮೇಲೆ ತೆಳ್ಳಗೆ ನೂಲು ಹಾಸಿ, ಬೆನ್ನು ಕೆಳಗೆ ಮಾಡಿ, ಎಂಟೂ ಕಾಲು ಮೇಲಕ್ಕೆತ್ತಿ ಮಲಗಿದೆ. ನಾವು ಚರ್ಮ ಬಿಡುವುದು ಹೀಗೆಯೇ. ಆಗ ಓಡಲಾಗದು, ಕಚ್ಚಲಾಗದು, ಇರುವೆ ಬಂದರೂ ತಡೆಯಲಾಗದು.

ಊಟದ ಗದ್ದಲ ಮುಗಿಸಿ ಬಸಲಿಂಗವ್ವ ನೀರಿನ ತಂಬಿಗೆ ಹಿಡಿದು ಬಂದಳು. ತಂಬಿಗೆ ಕೈಯಿಂದ ಜಾರಿ ಬಿದ್ದು ಉರುಳಿತು. ಈ ಸಲ ಅವಳು ಕಿರುಚಲಿಲ್ಲ. ನೆಲದಲ್ಲಿ ನೀರು ಹರಿಯುತ್ತಿದ್ದರೂ ಅದರಲ್ಲೇ ಕೂತಳು. ಅವಳ ಉಸಿರು ಕೂಡ ನನ್ನ ಕಾಲಿಗೆ ತಾಗಲಿಲ್ಲ. ಬಾಯಿಂದ ಬಂದದ್ದು ಒಂದೇ ಮಾತು: "ಹೋದ್ಲು."

ಈರಣ್ಣ ಬಂದ. ಬಾಗಿಲಿನಿಂದಲೇ ಇಣುಕಿ ನೋಡಿ, "ಹೋಗ್ಲಿ ಬಿಡಬೇ. ಹಿತ್ತಲದಾಗ ಹುಗದು ಬರತೀನಿ" ಎಂದು ಧೈರ್ಯ ಮಾಡಿ ಪೆಟ್ಟಿಗೆ ಎತ್ತಿದ. ನನ್ನ ಹಾಸು ಹರಿಯಿತು, ಅರ್ಧ ಸಡಿಲಾದ ಚರ್ಮದೊಳಗೆ ನನ್ನ ಮೆತ್ತಗಿನ ಮೈ ತೂಗಾಡಿತು. ಇನ್ನು ಹತ್ತು ಹೆಜ್ಜೆ ಹೋಗಿದ್ದರೆ ನಾನು ನಿಜವಾಗಿಯೂ ಸಾಯುತ್ತಿದ್ದೆ.

"ಇಡು ಕೆಳಗ!" ಬಸಲಿಂಗವ್ವನ ದನಿಗೆ ಗಾಜು ನಡುಗಿತು. "ಸಾಕಿದಾಕಿ ಬಂದು ಮಾರಿ ನೋಡದ ಮಣ್ಣ ಮಾಡ್ತಿ? ನಾಡದು ಬರತಾಳ ಅಕಿ. ಬರೂತನಕ ಮುಟ್ಟಬ್ಯಾಡ."

ಅವನು ಇಟ್ಟು ಹೋದ. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ನನ್ನನ್ನೇ ನೋಡುತ್ತ ಕೂತಳು. ಆಗ ತೊಗಟೆಯ ಹಿಂದಿನಿಂದ ಆ ಮಿಡತೆ ಹೊರಬಂತು. ಒಂದು ದಿನದಿಂದ ಅದಕ್ಕೂ ತಿನ್ನಲು ಏನೂ ಸಿಕ್ಕಿರಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು ಎಡಗಾಲಿನ ತುದಿಗೆ ಬಾಯಿ ಹಾಕಿತು. ಅಂಥ ನೋವನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಚಿಮಟಿಗೆ ಕೆಳಗೆ ಅಡುಗೆಮನೆಯಲ್ಲಿತ್ತು. ಬಸಲಿಂಗವ್ವ ಅತ್ತ ಇತ್ತ ನೋಡಿದಳು. ಆಮೇಲೆ, ಇರುವೆ ಕಂಡರೆ ದಾಟಿ ಹೋಗುವ ಆ ಹೆಂಗಸು, ನನ್ನ ಪೆಟ್ಟಿಗೆಗೆ ಬರಿಗೈ ಹಾಕಿದಳು. ಅವಳ ಬೆರಳು ನನ್ನ ಹೊಟ್ಟೆಯ ರೋಮ ಸವರಿಕೊಂಡೇ ಹೋಗಿ ಮಿಡತೆಯನ್ನು ಹಿಡಿದವು. ಒದೆಯುತ್ತಿದ್ದ ಅದನ್ನು ಕಿಟಕಿಯಾಚೆ ಎಸೆದು ತಿರುಗಿ ನೋಡುತ್ತಾಳೆ, ಕಚ್ಚಿದ ಕಡೆ ಒಂದು ಹನಿ ರಕ್ತ, ನಮ್ಮದು ನೀಲಿ. ಆ ಕಾಲು ಸಣ್ಣಗೆ ಅಲುಗುತ್ತಿದೆ.

"ಯವ್ವಾ!" ಅವಳು ಗೋಡೆಗೆ ಆತುಕೊಂಡಳು. "ಇನ್ನೂ ಜೀವ ಐತಿ! ಈರಣ್ಣಾ, ಫೋನ್ ಹಚ್ಚೋ ಅಕಿಗೆ!"

ಫೋನು ತಾಗಿದ ಕೂಡಲೇ ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು: "ದಾಕ್ಷಾಯಿಣಿ, ನಾ ಸುಳ್ಳ ಹೇಳೀನಿ. ಮೂರು ವಾರಾತು ಅಕಿ ಏನೂ ತಿಂದಿಲ್ಲ. ಈಗ ಅಂಗಾತ ಬಿದ್ದಾಳ. ಮಿಡತಿ ಕಚ್ಚಿ ಕಾಲ ಹರದೈತಿ. ಎಲ್ಲಾ ನನ್ನಿಂದ ಆಗೇತಿ."

ದಾಕ್ಷಾಯಿಣಿ ತಡೆದು ಕೇಳಿದಳು: "ಅಂಗಾತನೇನ್ರಿ? ಎಂಟೂ ಕಾಲು ಮ್ಯಾಲೆ?"

"ಹೂನವ್ವಾ."

"ಅತ್ತಿ, ಮುಟ್ಟಬ್ಯಾಡ್ರಿ! ಅಲುಗಿಸಬ್ಯಾಡ್ರಿ! ಅಕಿ ಸತ್ತಿಲ್ಲರಿ, ಚರ್ಮ ಬಿಡಾಕತ್ತಾಳ. ಸುಮ್ನ ಕುಂದರ್ರಿ, ಅಷ್ಟ ಸಾಕು."

ಸುಮ್ಮನೆ ಕೂರುವುದು ಬಸಲಿಂಗವ್ವನಿಗೆ ಬಾರದ ಕೆಲಸ. ಆ ದಿನ ಕೂತಳು. ಸಂಜೆ ರೊಟ್ಟಿ ಬಡಿದವರು ಬೇರೆ ಯಾರೋ. ಆ ಲಯವೇ ಬೇರೆ ಇತ್ತು. ನಾನು ಒಂದೊಂದೇ ಕಾಲನ್ನು ಹಳೆಯ ಕಾಲಿನೊಳಗಿಂದ ಎಳೆದುಕೊಂಡೆ. ಹರಿದ ಕಾಲು ಮಾತ್ರ ಸಿಕ್ಕಿಕೊಂಡಿತು. ಜಗ್ಗಿದೆ, ತುದಿ ಒಳಗೇ ಉಳಿಯಿತು. ದೀಪ ಹಚ್ಚುವ ಹೊತ್ತಿಗೆ ಪೂರ್ತಿ ಹೊರಬಂದು ಹೊರಳಿ, ಏಳೂವರೆ ಕಾಲಿನ ಮೇಲೆ ನಿಂತೆ. ಪಕ್ಕದಲ್ಲಿ ನನ್ನ ಹಳೆಯ ಚರ್ಮ ನನ್ನದೇ ಆಕಾರದಲ್ಲಿ ಅಂಗಾತ ಬಿದ್ದಿತ್ತು.

ಬಸಲಿಂಗವ್ವ ಹಣಿಕಿ ಹಾಕಿ, ಹಿಂದೆ ಸರಿದು, ಮತ್ತೆ ಹಣಿಕಿ ಹಾಕಿದಳು. "ಎರಡಾದ್ಲೋ ಈರಣ್ಣಾ! ಒಬ್ಬಾಕಿ ಮಲಗ್ಯಾಳ, ಒಬ್ಬಾಕಿ ನಿಂತಾಳ!" ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಎರಡಕ್ಕೂ ನೆಲ ಒಂದೇ ರೀತಿ ನಡುಗುತ್ತದೆ.

ಎರಡು ದಿನದ ಮೇಲೆ ದಾಕ್ಷಾಯಿಣಿ ಬಂದಳು. ಚೀಲ ಕೆಳಗಿಡುವ ಮೊದಲೇ ಬಸಲಿಂಗವ್ವ ಅವಳ ಮುಂದೆ ನಿಂತಳು.

"ಅವತ್ತು ನಾ ಅಂದ ಮಾತು ನೀ ಕೇಳಿದ್ದಿ."

"ಕೇಳಿದ್ದೆರಿ."

"ಹಂಗಿದ್ರೂ ನನ್ನ ಕೈಯಾಗ ಯಾಕ ಕೊಟ್ಟು ಹೋದಿ?"

ದಾಕ್ಷಾಯಿಣಿ ಪೆಟ್ಟಿಗೆಯ ಕಡೆ ಬಾಗಿ ನನ್ನ ಮೊಂಡು ಕಾಲನ್ನು ನೋಡುತ್ತ ಹೇಳಿದಳು: "ಮತ್ಯಾರ ಕೈಯಾಗ ಕೊಡ್ಲೆರಿ ಅತ್ತಿ? ನೀವು ಒಬ್ಬರನ್ನಾದ್ರೂ ಹಸದು ಕಳಿಸಿದ್ದು ನಾ ನೋಡೇ ಇಲ್ಲ."

ಬಸಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಡಿ, ಕೈಕಾಲು ತೊಳಕೋ. ರೊಟ್ಟಿ ಬಿಸಿ ಅದಾವು" ಅಂದಳು.

ಹತ್ತು ದಿನ ಬಿಟ್ಟು, ಚರ್ಮದೊಡನೆ ಹೊಸದಾದ ಹಲ್ಲೂ ಗಟ್ಟಿಯಾದ ಮೇಲೆ, ನಾನು ಉಂಡೆ. ಮಿಡತೆ ಬಿಟ್ಟದ್ದು ಬಸಲಿಂಗವ್ವನೇ. ಆ ಜೀವಕ್ಕೆ ಏನೋ ಹೇಳಿ, ಕೈ ಮುಗಿದು ಬಿಟ್ಟಳು. ಅದರ ಸಂಕಟ ಅವಳಿಗೆ ಎಂದೂ ಹೋಗಲಿಲ್ಲ. ಆದರೆ ಆ ಕೆಲಸವನ್ನು ಅವಳು ಬೇರೆಯವರಿಗೂ ಬಿಡಲಿಲ್ಲ. ಮುಂದಿನ ಎರಡು ಸಲ ಚರ್ಮ ಬಿಟ್ಟಾಗ ನನ್ನ ಕಾಲು ಪೂರ್ತಿ ಬೆಳೆಯಿತು.

ಈಗ ನನಗೆ ಹದಿನೇಳು ವರ್ಷ. ಬಸಲಿಂಗವ್ವನ ಕಣ್ಣು ಮಂಜಾಗಿ ವರ್ಷ ಮೂರಾಯಿತು. "ಬಟ್ಟಲದಾಗ ನೀರು ಮುಗದ್ರ ನನಗ ಕಾಣೂದಿಲ್ಲ, ಕಾಲೇಜಿಗೆ ಒಯ್ಯಿ" ಎಂದು ನನ್ನನ್ನು ಕಳಿಸಿದವಳು ಅವಳೇ. ಪ್ರಾಣಿಶಾಸ್ತ್ರ ವಿಭಾಗದ ಕಿಟಕಿಯ ಪಕ್ಕ ಒಂದು ಮೇಜಿನ ಮೇಲೆ ನಾನಿದ್ದೇನೆ. ಪೆಟ್ಟಿಗೆಗೆ ಒಂದು ಚೀಟಿ ಅಂಟಿಸಿದ್ದಾರೆ, ನಾನು ತಿಂದ ದಿನ, ತಿನ್ನದ ದಿನ ಎಲ್ಲ ಅದರಲ್ಲಿ ಬರೆಯುತ್ತಾರೆ. ಒಳ್ಳೆಯ ಮಂದಿ. ನಾನು ತಿಂಗಳುಗಟ್ಟಲೆ ಉಣ್ಣದಿದ್ದರೂ ಯಾರೂ ಗಾಬರಿಯಾಗುವುದಿಲ್ಲ. ಅವರಿಗೆ ಎಲ್ಲ ಗೊತ್ತಿದೆ.

ನನ್ನನ್ನು ಕಂಡು ಹೆದರಿದವರು ಈ ಹದಿನೇಳು ವರ್ಷದಲ್ಲಿ ನೂರಾರು ಮಂದಿ. ನನಗೇನಾದೀತೋ ಎಂದು ಹೆದರಿದವಳು ಒಬ್ಬಳು. ಅವಳಿಗೆ ಜೇಡದ ವಿಷಯ ಏನೂ ಗೊತ್ತಿರಲಿಲ್ಲ.

ತಿಂಗಳಿಗೊಮ್ಮೆ ಅವಳು ಸೊಸೆಯ ಸ್ಕೂಟರಿನಲ್ಲಿ ಬರುತ್ತಾಳೆ. ಬಾಗಿಲಲ್ಲೇ ಅವಳ ನಡಿಗೆ ನನಗೆ ತಿಳಿಯುತ್ತದೆ. ಹುಡುಗಿಯರು ಸ್ಟೂಲು ಕೊಡುತ್ತಾರೆ. ಅವಳು ತಡವರಿಸಿ ಮುಚ್ಚಳ ಸರಿಸಿ ಬೆರಳು ಒಳಗಿಡುತ್ತಾಳೆ, ಹೊಸದಾಗಿ ಸೇರಿದವರು ಅಯ್ಯೋ ಎಂದು ಹಿಂದೆ ಸರಿಯುತ್ತಾರೆ. ನಾನು ನಿಧಾನಕ್ಕೆ ನಡೆದುಹೋಗಿ ಆ ಬೆರಳಿನ ಮೇಲೆ ಒಂದು ಕಾಲು ಇಡುತ್ತೇನೆ. ಬೆರಳಿಗೆ ಇನ್ನೂ ಜೋಳದ ಹಿಟ್ಟಿನ ವಾಸನೆ ಇರುತ್ತದೆ.