ಮೈಲಾರಪ್ಪನಿಗೆ ಹೊದಿಸಿದ ಶಾಲು

ಸನ್ಮಾನದ ಶಾಲನ್ನು ಮೊದಲು ಎಡ ಹೆಗಲಿಗೆ ಹಾಕಬೇಕೋ ಬಲ ಹೆಗಲಿಗೋ ಎಂಬುದು ನಾಡಿನ ಮುಂದಿರುವ ಅತಿ ಗಂಭೀರ ಪ್ರಶ್ನೆಗಳಲ್ಲಿ ಒಂದು. ಇದಕ್ಕೆ ಇನ್ನೂ ಯಾವ ಆಯೋಗವೂ ನೇಮಕವಾಗಿಲ್ಲ. ಹೊದಿಸುವವರು ಇಬ್ಬರಿದ್ದರೆ ಒಬ್ಬರು ಎಡಕ್ಕೆ ಎಳೆಯುತ್ತಾರೆ, ಇನ್ನೊಬ್ಬರು ಬಲಕ್ಕೆ. ನಡುವೆ ಸನ್ಮಾನಿತರ ಕನ್ನಡಕ ನೆಲಕ್ಕೆ ಬೀಳುತ್ತದೆ. ಈ ವಿಷಯದಲ್ಲಿ ಅನುಭವದಿಂದ ಮಾತಾಡಬಲ್ಲವರು ಕಡಿಮೆ. ನಾನು ಬಲ್ಲೆ. ನಾನು ಒಂದು ಸನ್ಮಾನದ ಶಾಲು.

ಹುಟ್ಟಿದ್ದು ಪವರ್‌ಲೂಮಿನಲ್ಲಿ. ಹೆತ್ತ ಮಗ್ಗಕ್ಕೆ ನನ್ನ ಮುಖ ನೋಡಲು ಪುರುಸೊತ್ತಿರಲಿಲ್ಲ. ನನ್ನ ಬೆನ್ನಿಗೇ ಅದೇ ಮುಖದ ಇನ್ನೊಂದು ಬರುತ್ತಿತ್ತು. ಮೈ ಕುಂಕುಮದ ಬಣ್ಣ, ಅಂಚಿಗೆ ಜರಿ. ಜರಿ ಎಂದು ನಾವು ಹೇಳಿಕೊಳ್ಳುತ್ತೇವೆ, ನೋಡುವವರು ಒಪ್ಪಿಕೊಳ್ಳುತ್ತಾರೆ. ಚಳಿಗೆ ನಾನು ತೆಳು, ಬಿಸಿಲಿಗೆ ದಪ್ಪ, ಹೊದೆಯಲು ಗಿಡ್ಡ. ಒರೆಸಲು ಹೋದರೆ ನೀರನ್ನು ಹೀರುವುದಿಲ್ಲ, ಅತ್ತಿಂದಿತ್ತ ತಳ್ಳುತ್ತೇನೆ. ಯಾವ ಕೆಲಸಕ್ಕೂ ಬಾರದ ಬಟ್ಟೆಯಾದ್ದರಿಂದ ನನ್ನನ್ನು ಗೌರವಕ್ಕೆ ಇಟ್ಟರು.

ಗದಗಿನ ಅಂಗಡಿಯೊಂದರಿಂದ ಮೊದಲು ಹೋದದ್ದು ನಿವೃತ್ತರಾದ ಒಬ್ಬ ಬ್ಯಾಂಕ್ ಮ್ಯಾನೇಜರರ ಹೆಗಲಿಗೆ. ಐದು ನಿಮಿಷ ಕೂತೆ. ಅವರು ನನ್ನನ್ನು ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಡಾವಣೆಯ ಗಣೇಶೋತ್ಸವದಲ್ಲಿ ಭಾಷಣಕ್ಕೆ ಬಂದ ಪ್ರೊಫೆಸರ್ ಶಿವಯೋಗಿ ಕೊಪ್ಪದರಿಗೆ ಹೊದಿಸಿದರು. ಕೊಪ್ಪದರು ಕವಿಗಳು. ಅವರ ಕಪಾಟಿನಲ್ಲಿ ನನ್ನಂಥವು ಆಗಲೇ ನಲವತ್ತಕ್ಕೂ ಹೆಚ್ಚಿದ್ದವು, ಒಂದರ ಮೇಲೊಂದು, ನಡುನಡುವೆ ನುಸಿಗುಳಿಗೆ. ನಾವೆಲ್ಲ ನಮ್ಮನಮ್ಮ ಸಮಾರಂಭದ ಚಪ್ಪಾಳೆಯ ಬಗ್ಗೆ ಸಾಕಷ್ಟು ಸುಳ್ಳು ಹೇಳಿಕೊಂಡು ಸುಖವಾಗಿದ್ದೆವು.

ಆಮೇಲೆ ಕೊರೊನಾ ಬಂತು. ಸಭೆಗಳು ನಿಂತವು. ಎರಡನೇ ವರ್ಷದ ಹೊತ್ತಿಗೆ, ಸನ್ಮಾನವಿಲ್ಲದೆ ಬದುಕಲಾಗದ ನಾಡು ಅದನ್ನು ಫೋನಿನಲ್ಲೇ ಮಾಡುವುದನ್ನು ಕಲಿತಿತ್ತು. ಒಂದು ಸಾಹಿತ್ಯ ವೇದಿಕೆಯ ಕಾರ್ಯದರ್ಶಿ ಕೊಪ್ಪದರಿಗೆ ಫೋನು ಮಾಡಿದ.

"ಸರ, ಭಾನುವಾರ ಆನ್‌ಲೈನ್ ಕವಿಗೋಷ್ಠಿರಿ. ನಿಮಗ ಸನ್ಮಾನನೂ ಐತ್ರಿ. ಶಾಲು ನಿಮ್ಮನ್ಯಾಗ ಇರ್ತಾವಲ್ಲ, ಒಂದು ಛಲೋದು ತಗದಿಡ್ರಿ. ನಾವು ಇಲ್ಲಿಂದ ಘೋಷಣಾ ಮಾಡತೀವಿ, ಅಕ್ಕಾರು ಅಲ್ಲಿ ಹೊದಿಸಲಿ."

ಕೊಪ್ಪದರು ಕಪಾಟು ತೆರೆದು ಕೈಗೆ ಸಿಕ್ಕ ನನ್ನನ್ನು ಎಳೆದರು. ನಾಲ್ಕು ವರ್ಷದ ನಂತರ ಬೆಳಕು ಕಂಡೆ. ಭಾನುವಾರ ಘೋಷಣೆಯಾದಾಗ ಕೊಪ್ಪದರ ಹೆಂಡತಿ ಕುಸುಮಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಹೊದಿಸಿದರು. ಪರದೆಯ ಮೇಲೆ ಅವರ ಮೊಣಕೈವರೆಗಿನ ಭಾಗ ಮಾತ್ರ ಕಂಡಿತು.

"ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದಕ್ಕ ನನಗೂ ಒಂದು ಹೊದಿಸಬೇಕಿತ್ತು ಇವರು," ಎಂದರು. ಮೈಕು ಚಾಲೂ ಇತ್ತು. ಇಪ್ಪತ್ತಾರು ಕವಿಗಳು ಕೇಳಿಸಿಕೊಂಡರು.

ಕೊಪ್ಪದರು ನನ್ನನ್ನು ಹೊದ್ದೇ ಕವನ ಓದಿದರು. ನಾಟಕ ಕಂಪನಿ ಮುಚ್ಚಿ ಹಸಿದು ಕೂತ ನಟನ ಬಗ್ಗೆ ಇತ್ತು. ಚೆನ್ನಾಗಿಯೇ ಇತ್ತು. ಓದುತ್ತ ಕನ್ನಡಕ ತೆಗೆದು ನನ್ನ ಅಂಚಿನಿಂದ ಕಣ್ಣೊರೆಸಿಕೊಂಡರು. ಅದು ನಟನೆಯಲ್ಲ, ಹೆಗಲ ಮೇಲಿದ್ದ ನನಗೆ ಗೊತ್ತು. ಪರದೆಯ ತುಂಬ ಜೋಡಿಸಿದ ಕೈಗಳ ಚಿತ್ರಗಳು ಮೂಡಿದವು.

ಮರುದಿನ ಬೆಳಿಗ್ಗೆ ಆ ಕವನದಿಂದ ಎದ್ದು ಬಂದವನಂತೆ ಮೈಲಾರಪ್ಪ ಗೇಟಿನಲ್ಲಿ ನಿಂತಿದ್ದ. ನಾನಿನ್ನೂ ಕುರ್ಚಿಯ ಬೆನ್ನಿನ ಮೇಲೇ ಇದ್ದೆ.

ಮೈಲಾರಪ್ಪ ಬಡಿಗೇರ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವನು. ಮೂವತ್ತೆರಡು ವರ್ಷ ಪಕ್ಕದ ಪರದೆಯ ಹಿಂದೆ ನೋಟ್‌ಬುಕ್ಕು ಹಿಡಿದು ನಿಂತು, ಮಾತು ಮರೆತ ರಾಜರಿಗೂ ಕುಡುಕರಿಗೂ ಪಿಸುದನಿಯಲ್ಲಿ ಮಾತು ಕೊಟ್ಟವನು. ಅವನ ದನಿ ನಟನ ಕಿವಿಗೆ ಮುಟ್ಟಬೇಕು, ಮೊದಲ ಸಾಲಿನವರಿಗೆ ಕೇಳಬಾರದು. ಹಾಗೆ ಪಳಗಿದ ಗಂಟಲು ಮತ್ತೆ ಏರಲೇ ಇಲ್ಲ. ಕಂಪನಿ ಮುಚ್ಚಿದ ಮೇಲೆ ಸೈಕಲ್ಲಿನ ಮೇಲೆ ಕಾಯಿಪಲ್ಲೆ ಮಾರಲು ಹೊರಟ. ಓಣಿಯ ನಡುವೆ ನಿಂತು "ಮೆಂತೆ, ಪಾಲಕ್" ಎಂದು ಪಿಸುಗುಟ್ಟುತ್ತಿದ್ದ. ಯಾರಿಗೆ ಕೇಳಬೇಕು? ಅವನು ಬರುವ ಹೊತ್ತು ತಿಳಿದಿದ್ದ ಕುಸುಮಕ್ಕ ಒಬ್ಬರೇ ಖಾಯಂ ಗಿರಾಕಿ.

"ಸರ," ಎಂದ. ಕೊಪ್ಪದರಿಗೆ ಕೇಳಲಿಲ್ಲ.

"ಜೋರಾಗಿ ಹೇಳಪಾ."

"ಇದ ಜೋರ್ರಿ ಸರ," ಎಂದ ಮೈಲಾರಪ್ಪ, ಒಂದು ಕಾಗದ ಮುಂದೆ ಚಾಚಿ.

ಸರ್ಕಾರ ಕಷ್ಟದಲ್ಲಿರುವ ಕಲಾವಿದರಿಗೆ ಸಹಾಯಧನ ಕೊಡುತ್ತಿತ್ತು. ಅರ್ಜಿಗೆ ಶನಿವಾರ ಕೊನೆಯ ದಿನ. ಹತ್ತು ವರ್ಷ ಕಲಾಸೇವೆ ಮಾಡಿದ್ದಕ್ಕೆ ಪುರಾವೆ ಬೇಕಿತ್ತು: ಹ್ಯಾಂಡ್‌ಬಿಲ್, ಫೋಟೋ, ಏನಾದರೂ. ಹ್ಯಾಂಡ್‌ಬಿಲ್ಲಿನಲ್ಲಿ ನಟರ ಹೆಸರಿರುತ್ತದೆ, ಪ್ರಾಂಪ್ಟರನದಲ್ಲ. ಕಂಪನಿಯ ಮಾಲಕ ಮೊದಲನೆಯ ಅಲೆಯಲ್ಲೇ ತೀರಿಕೊಂಡಿದ್ದ. ಮೈಲಾರಪ್ಪನ ಮನೆಯಲ್ಲಿ ಜ್ವರ ಬಿಟ್ಟೆದ್ದ ಹೆಂಡತಿ ಇದ್ದಳು; ಔಷಧ ಅರ್ಧಕ್ಕೆ ನಿಂತಿತ್ತು.

"ಸ್ಟೇಜಿನ ಮ್ಯಾಲ ನಿಂದೊಂದು ಫೋಟೋ ಇಲ್ಲೇನು?" ಎಂದರು ಕೊಪ್ಪದರು.

"ನಾ ಸ್ಟೇಜಿನ ಮ್ಯಾಲ ಕಂಡಿದ್ರ ಮಾಲಕ ಅವತ್ತ ಮನಿಗೆ ಕಳಸ್ತಿದ್ದಾರಿ ಸರ."

ಕುಸುಮಕ್ಕ ಒಳಗಿನಿಂದಲೇ ಕೂಗಿದರು: "ನೀವ ಒಂದು ಪತ್ರ ಬರದು ಸಹಿ ಹಾಕಿ ಕೊಡ್ರಿ. ಇಂವ ಇಷ್ಟು ವರ್ಷ ಕಂಪನಿಯೊಳಗಿದ್ದ ಅಂತ. ನಿಮ್ಮ ಸಹಿಗೆ ಬೆಲಿ ಐತಲ್ಲ."

ಕೊಪ್ಪದರು ಯೋಚಿಸಿದರು. "ನಾಟಕ ನೋಡೀನಿ, ಖರೆ. ಆದರ ಇವನ್ನ ನೋಡಿಲ್ಲ. ನೋಡದ್ದನ್ನ ನೋಡೀನಿ ಅಂತ ಹೆಂಗ ಬರೀಲಿ? ಅದು ಸುಳ್ಳು ಆಗತೈತಿ."

ಸುಳ್ಳಿಗೆ ಇಷ್ಟು ಅಂಜುವ ಮನುಷ್ಯ ಹತ್ತೇ ನಿಮಿಷದಲ್ಲಿ ಇನ್ನೊಂದು ಉಪಾಯ ಹುಡುಕಿದರು. ಅಟ್ಟದ ಮೇಲೆ ಹಳೆಯ ಫ್ಲೆಕ್ಸೊಂದಿತ್ತು: 'ಕಲಾವಿದರಿಗೆ ಸನ್ಮಾನ ಸಮಾರಂಭ, ೨೦೧೪.' ಅದನ್ನು ಕಂಪೌಂಡಿನ ಗೋಡೆಗೆ ಕಟ್ಟುವುದು, ಮೈಲಾರಪ್ಪನಿಗೆ ಶಾಲು ಹೊದಿಸುವುದು, ಫೋಟೋ ತೆಗೆದು ಅರ್ಜಿಗೆ ಹಚ್ಚುವುದು. ಏಳು ವರ್ಷದ ಹಿಂದಿನ ಸನ್ಮಾನ ಎಂದರೆ ಯಾರೂ ಮಾತಾಡುವ ಹಾಗಿಲ್ಲ. ಅಂದಹಾಗೆ ೨೦೧೪ರಲ್ಲಿ ನಾನಿನ್ನೂ ನೂಲು ಕೂಡ ಆಗಿರಲಿಲ್ಲ.

ಮೈಲಾರಪ್ಪ ಮನೆಗೆ ಹೋಗಿ ಮಿಂದು, ಒಗೆದ ಧೋತರ ಉಟ್ಟು ಬಂದ. ಫ್ಲೆಕ್ಸಿನ ಮುಂದೆ ಕುರ್ಚಿ ಹಾಕಿದರು. ಕೊಪ್ಪದರಿಗೆ ಸಕ್ಕರೆ ಕಾಯಿಲೆ, ಅರವತ್ತೆಂಟು ವಯಸ್ಸು; ಮೂಗಿನ ಮೇಲಿನ ಮಾಸ್ಕನ್ನು ಮತ್ತೊಮ್ಮೆ ಒತ್ತಿಕೊಂಡು ಹತ್ತಿರ ಬಂದರು. ಮೈಲಾರಪ್ಪನೂ ದೊಡ್ಡವರ ಮುಂದೆ ಮರ್ಯಾದೆಗೆಂದು ಮಾಸ್ಕ್ ಸರಿಮಾಡಿಕೊಂಡ. ಕುಸುಮಕ್ಕ ಫೋನು ಹಿಡಿದರು.

ನನ್ನನ್ನು ಎತ್ತಿ ಹಿಡಿದ ಕೊಪ್ಪದರು ಯಾಕೋ ಸುಮ್ಮನೆ ನಿಂತರು. ನೂರು ಸಭೆ ಕಂಡವರಿಗೆ ಖಾಲಿ ಅಂಗಳದಲ್ಲಿ ಮಾತೇ ಹೊರಡಲಿಲ್ಲ. ಆಗ ಕುರ್ಚಿಯಿಂದ ಪಿಸುದನಿ ಕೇಳಿತು: "'ಇವರ ಸುದೀರ್ಘ ಕಲಾಸೇವೆಯನ್ನು ಗುರುತಿಸಿ' ಅನ್ರಿ ಸರ."

ಕೊಪ್ಪದರು ಹಾಗೇ ಅಂದರು. ಹೊದಿಸಿದರು. ಎಲುಬಷ್ಟೇ ಇದ್ದ ಹೆಗಲು ಅದು.

"ಸ್ವಲ್ಪ ನಗಪಾ," ಎಂದರು ಕೊಪ್ಪದರು.

"ನಕ್ಕರೂ ಏನು ಕಾಣತೈತಿ, ತಗೋರಿ," ಎಂದು ಕುಸುಮಕ್ಕ ಕ್ಲಿಕ್ಕಿಸಿದರು.

ಮೂವರೂ ನಕ್ಕರು. ಮೂವರಿಗೂ ಹೊಳೆಯಲಿಲ್ಲ. ಮಾಸ್ಕು ಅಷ್ಟು ಹೊತ್ತಿಗೆ ಚರ್ಮವೇ ಆಗಿಹೋಗಿತ್ತು. ನನಗಾದರೂ ಹೊಳೆಯಬೇಕಿತ್ತು. ನಿಜ ಹೇಳುತ್ತೇನೆ: ನನ್ನ ಅಂಚು ಫೋಟೋದಲ್ಲಿ ಸರಿಯಾಗಿ ಬರುತ್ತದೆಯೇ ಎಂದಷ್ಟೇ ನಾನು ಆಗ ಯೋಚಿಸುತ್ತಿದ್ದೆ.

"ಶಾಲು ಮನಿಗೆ ಒಯ್ಯೋ," ಎಂದರು ಕುಸುಮಕ್ಕ.

"ಬ್ಯಾಡ್ರಿ ಅಕ್ಕಾರ. ಫೋಟೋ ಬಂತಲ್ಲ," ಎಂದು ಮೈಲಾರಪ್ಪ ನನ್ನನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟ. ಅಷ್ಟು ಅಚ್ಚುಕಟ್ಟಾಗಿ ನನ್ನನ್ನು ಯಾರೂ ಮಡಿಸಿರಲಿಲ್ಲ.

ಗುರುವಾರ ಕಚೇರಿಯಿಂದ ಫೋನು ಬಂತು. ಅರ್ಜಿಯಲ್ಲಿ ಪರಿಚಯಸ್ಥರೆಂದು ಕೊಪ್ಪದರ ನಂಬರಿತ್ತು. ಕಿವಿ ಮಂದವಾದ್ದರಿಂದ ಅವರು ಸ್ಪೀಕರ್ ಹಾಕಿಯೇ ಮಾತಾಡುವುದು.

"ಸರ, ಮೈಲಾರಪ್ಪ ಬಡಿಗೇರ ಅನ್ನಾವ್ರು ಎರಡು ಸಾವಿರದ ಹದಿನಾಲ್ಕರ ಸನ್ಮಾನದ ಫೋಟೋ ಹಚ್ಚ್ಯಾರ್ರಿ," ಎಂದಿತು ಆ ಕಡೆಯ ದನಿ. "ಅವಾಗ ನಿಮ್ಮ ಗದಗಿನ್ಯಾಗ ಮಾಸ್ಕ್ ಹಾಕ್ಕೋತಿದ್ರೇನ್ರಿ?"

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.

"ಶಾಲು ಹೊದಿಸಾಕತ್ತಾವ್ರು ನೀವೇನ್ರಿ ಸರ? ಮಾರಿ ಮುಚ್ಚೇತಿ, ಗೊತ್ತಾಗವಲ್ದು."

ನಾನು ಎದುರಿನ ಕುರ್ಚಿಯಲ್ಲೇ ಇದ್ದೆ. ಕೊಪ್ಪದರ ಕಣ್ಣು ನನ್ನ ಮೇಲೆ ಬಿತ್ತು, ತಕ್ಷಣ ಸರಿಯಿತು.

"ನಾನಲ್ಲ," ಎಂದರು. "ಅದು ಬ್ಯಾರೆ ಯಾರೋ."

"ಹಂಗಾರ ಈ ಮನಿಷಾ ಖರೇ ಕಲಾವಿದ ಹೌದೇನ್ರಿ?"

"ನಾನು… ಕಣ್ಣಾರೆ ನೋಡಿಲ್ಲ."

"ಆತು ಬಿಡ್ರಿ. ನಕಲಿ ಅಂತ ಬರೀತೀನಿ."

ಕುಸುಮಕ್ಕ ಬಾಗಿಲಲ್ಲಿ ಬಂದು ನಿಂತಿದ್ದರು. "ಏನಂದ್ರಿ ನೀವು ಈಗ?"

ಕುಸುಮಕ್ಕನೇ ಫೋನು ಕಸಿದು ಅದೇ ನಂಬರಿಗೆ ಹಚ್ಚಿದರು. ಇದ್ದದ್ದನ್ನು ಇದ್ದಹಾಗೆ ಹೇಳಿದರು. ಆ ಗುಮಾಸ್ತ ಕೆಟ್ಟವನಲ್ಲ. "ಅಕ್ಕಾರ, ಬಾಯಿಮಾತು ನಡಿಯಂಗಿಲ್ರಿ. ಫೋಟೋದಾಗಿದ್ದವ್ರ ಬರಹದಾಗ ಕೊಡಲಿ, ಆ ಮನಿಷಾ ಪ್ರಾಂಪ್ಟರ್ ಹೌದು ಅಂತ. ಶನಿವಾರ ಸಂಜಿ ಐದರ ಒಳಗ ಕಳಸ್ರಿ. ನಾ ಮತ್ತ ಸೇರಿಸ್ತೀನಿ," ಎಂದ.

"ಬರೀರಿ," ಎಂದು ಕುಸುಮಕ್ಕ ಪೆನ್ನು ತಂದು ಮುಂದಿಟ್ಟರು.

ಕೊಪ್ಪದರು ಬರೆದರು. ಇದನ್ನು ನಾನು ಒತ್ತಿ ಹೇಳಬೇಕು: ಅವರಿಗೆ ನಾಚಿಕೆಯಾಗಿತ್ತು, ಮನಸ್ಸಿನಿಂದಲೇ ಬರೆಯಲು ಕೂತರು. ಆದರೆ ಕವಿಗಳಲ್ಲವೇ? 'ಸುಳ್ಳು ಫೋಟೋ' ಎಂಬುದು ಕಿವಿಗೆ ಒರಟಾಯಿತು. ಹೊಡೆದುಹಾಕಿ 'ಅಚಾತುರ್ಯ' ಎಂದರು. ಆಮೇಲೆ ಅಚಾತುರ್ಯಕ್ಕೆ ಹಿನ್ನೆಲೆ ಬೇಕೆನಿಸಿತು. ಹಿನ್ನೆಲೆಗೆ ಕಾಲದ ಸಂಕಟ ಬೇಕಾಯಿತು. ಶುಕ್ರವಾರ ಮಧ್ಯಾಹ್ನಕ್ಕೆ ಪತ್ರ ನಾಲ್ಕು ಪುಟವಾಗಿತ್ತು, ಮೈಲಾರಪ್ಪನ ಹೆಸರು ಮೂರನೆಯದರಲ್ಲಿ ಬರುತ್ತಿತ್ತು.

"ಎರಡು ಸಾಲು ಸಾಕ್ರಿ," ಎಂದರು ಕುಸುಮಕ್ಕ.

"ಎರಡ ಸಾಲಿನಾಗ ಬರದ್ರ ನಾ ಕಳ್ಳನಂಗ ಕಾಣತೀನಿ."

"ಮತ್ತ ಈಗ ಅಂವ ಕಾಣಾಕತ್ತಾನಲ್ಲ?"

ಶನಿವಾರ ಬೆಳಿಗ್ಗೆ ಪತ್ರವನ್ನು ಹೊಸದಾಗಿ ಆರಂಭಿಸಿದರು. ಎಂಟಕ್ಕೆ ಮೈಲಾರಪ್ಪ ಗೇಟಿಗೆ ಬಂದ. ಅವನಿಗೂ ಕಚೇರಿಯಿಂದ ಸುದ್ದಿ ಮುಟ್ಟಿತ್ತು. ಕೊಪ್ಪದರು ಒಳಗಿನ ಕೋಣೆಗೆ ಸರಿದು ಕದ ಮುಂದೆ ಮಾಡಿಕೊಂಡರು.

"ಸರಗ ಹೇಳ್ರಿ ಅಕ್ಕಾರ," ಎಂದ ಮೈಲಾರಪ್ಪ, ಮೆಂತೆಯ ಸಿವುಡು ಕೊಡುತ್ತ. "ಮನಸ್ಸಿಗೆ ಹಚ್ಕೋಬಾರ್ದಂತ. ತಪ್ಪು ನಂದ ಐತ್ರಿ. ಪಕ್ಕದಾಗಿದ್ದು ಮಾಸ್ಕ್ ತಗೀರಿ ಅಂತ ನಾ ಹೇಳಬೇಕಿತ್ತು. ನನ್ನ ಕೆಲಸ ಅದು."

ಕುಸುಮಕ್ಕ ಚಿಲ್ಲರೆ ಮರೆತು ಒಳಗೆ ಹೋದರು. ಕದದ ಹಿಂದೆ ನಿಂತವರಿಗೂ, ಕಿವಿ ಮಂದವಿದ್ದರೂ, ಆ ಪಿಸುಮಾತು ಪೂರ್ತಿ ಕೇಳಿಸಿತ್ತು.

ಮುಂದೆ ಸಭೆಗಳು ಮತ್ತೆ ತೆರೆದವು. ಕೊಪ್ಪದರ ಕಪಾಟಿಗೆ ಹೊಸ ಶಾಲುಗಳು ಬಂದವು. ನನ್ನನ್ನು ಕುಸುಮಕ್ಕ ಕಪಾಟಿಗೆ ಸೇರಿಸಲಿಲ್ಲ. ಈಗ ಹಿತ್ತಲ ಕೋಣೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಹೊದಿಕೆಯಾಗಿದ್ದೇನೆ. ಜರಿ ಉದುರಿದೆ, ಜಿರಲೆಗಳ ಪರಿಚಯವಾಗಿದೆ. ಕೂತು ಯೋಚಿಸಲು ಸಮಯವೂ ಇದೆ. ಬ್ಯಾಂಕಿನವರ ಹೆಗಲು, ಕವಿಗಳ ಹೆಗಲು, ಎಲ್ಲ ನಿಜವಾದ ಸನ್ಮಾನಗಳೆಂದು ದಾಖಲಾಗಿವೆ. ಸಲ್ಲಬೇಕಾದವನ ಹೆಗಲಿಗೆ ನಾನು ಸಂದದ್ದು ಜೀವಮಾನದಲ್ಲಿ ಒಂದೇ ಸಲ, ಅದೊಂದೇ ನಕಲಿ ಎಂದಾಯಿತು. ಅಂಥ ದಿನವೂ ನಾನು ಅಂಚಿನ ಚಿಂತೆಯಲ್ಲಿದ್ದೆ.

ಕೊಪ್ಪದರ ಪತ್ರ ಆ ಶನಿವಾರ ಸಂಜೆ ಏಳು ಗಂಟೆಗೆ ಅವರಿಗೆ ತೃಪ್ತಿಯಾಗುವಂತೆ ಮುಗಿಯಿತು. ಮುಂದೆ ಅದು ಲಲಿತ ಪ್ರಬಂಧವಾಗಿ ಒಂದು ಪುರವಣಿಯಲ್ಲಿ ಅಚ್ಚಾಯಿತು. ಮೆಚ್ಚಿ ಬಹಳ ಜನ ಬರೆದರು. ಸಹಾಯಧನದ ಪಟ್ಟಿಯಲ್ಲಿ ಮೈಲಾರಪ್ಪ ಬಡಿಗೇರನ ಹೆಸರು ಬರಲಿಲ್ಲ.