ಎರಡನೆಯ ಚುಕ್ಕಿ

ಬಿಸಿನೀರಿನ ಬಟ್ಟಲಲ್ಲಿದ್ದ ದುಂಬಿ ಮೆತ್ತಗಾಗಲು ಇನ್ನೂ ಹತ್ತು ನಿಮಿಷ ಬೇಕಿತ್ತು. ಅವಳು ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿ, ತುದಿ ಬಾಗಿಸಿದ ಸೂಜಿಯಿಂದ ಅದರ ಹೊಟ್ಟೆಯ ಕೊನೆಯನ್ನು ಮೆಲ್ಲಗೆ ಒತ್ತಿ ನೋಡಿದಳು. ಇನ್ನೂ ಬಿಗಿ. ಹನ್ನೊಂದು ವರ್ಷ ಒಣಗಿದ ದೇಹ, ಅವಸರ ಮಾಡಿದರೆ ಚೂರಾಗುತ್ತದೆ.

ಅಕ್ಕಿಕಾಳಿಗಿಂತ ಕೊಂಚ ಉದ್ದದ ಹುಳು. ಕಪ್ಪು ತಲೆ, ಕಂದು ಹೊಟ್ಟೆ. ಬೆನ್ನ ಮೇಲಿನ ಗಟ್ಟಿ ರೆಕ್ಕೆ ಅರ್ಧ ಮೈಗೂ ಸಾಲದೆ, ತಮ್ಮನ ಅಂಗಿ ತೊಟ್ಟ ಅಣ್ಣನ ಹಾಗೆ ಹೊಟ್ಟೆಯೆಲ್ಲ ಹೊರಗೆ. ಈ ಗಿಡ್ಡರೆಕ್ಕೆ ದುಂಬಿಗಳಲ್ಲಿ ನೂರಾರು ಜಾತಿ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಗಂಡು ಹುಳುವಿನ ಹೊಟ್ಟೆಯೊಳಗೆ ಅಡಗಿರುವ, ಎಳ್ಳಿನ ಸಿಪ್ಪೆಯಷ್ಟು ದೊಡ್ಡ ಅಂಗವನ್ನು ಹೊರತೆಗೆದು ಅದರ ಬಾಗು ನೋಡಿದರೆ ಮಾತ್ರ ಯಾವುದು ಯಾವ ಜಾತಿಯೆಂದು ಹೇಳಬಹುದು. ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಆ ಕೆಲಸ ಅವಳದು. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ, ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ.

"ಬಂತಾ ಅಕ್ಕಾ?"

"ಹೆರಿಗೆ ಕೋಣೆ ಹೊರಗೆ ನಿಂತ ಗಂಡಸಿನ ಹಾಗೆ ಆಡ್ಬೇಡ. ಕೂತ್ಕೋ."

ಹುಡುಗಿ ಕೂತಳು, ಮತ್ತೆ ಎದ್ದಳು. ಸಂಶೋಧನೆಗೆಂದು ಬಂದು ಮೂರು ವರ್ಷವಾಗಿತ್ತು. ಎಲೆಗಸ ಜಾಲಿಸುವ ದೊಡ್ಡ ಜರಡಿಯನ್ನು ಹೆಗಲಿಗೆ ಹಾಕಿಕೊಂಡೇ ಓಡಾಡುವುದರಿಂದ ಅವಳಿಗೆ ಜರಡಿ ಎಂದೇ ಹೆಸರು ಬಿದ್ದಿತ್ತು. ಮೂರು ವರ್ಷವೂ ಅವಳು ಹುಡುಕಿದ್ದು ಈ ಒಂದು ಜಾತಿಯನ್ನು.

ಗೋಡೆಯ ನಕ್ಷೆಯಲ್ಲಿ ಈ ಜಾತಿಗೆ ಇದ್ದದ್ದು ಎರಡೇ ಕೆಂಪು ಚುಕ್ಕಿ. ಮೊದಲನೆಯದು ಕಲ್ಲುಗಣಿಯ ಕೆಳಗಿನ ಕೊರಕಲು. ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎನ್ನುವವರು, ತಮ್ಮ ಹರೆಯದಲ್ಲಿ ಈ ಹುಳುವನ್ನು ಮೊದಲು ಕಂಡು ಹೆಸರಿಟ್ಟದ್ದು ಅಲ್ಲಿ. ಎರಡನೆಯದು ರೈಲಿನಲ್ಲಿ ಅರ್ಧ ದಿನದ ದಾರಿ ಆಚೆಗಿನ ಜೌಗು. ಹನ್ನೊಂದು ವರ್ಷದ ಹಿಂದೆ ಗಣಿಯವರು ಕೊರಕಲಿಗೂ ಇಳಿಯಲು ಅನುಮತಿ ಕೇಳಿದಾಗ, ಹುಳು ನಾಶವಾಗುತ್ತದೆಯೇ ಎಂದು ಸರ್ಕಾರ ದೊಡ್ಡವರನ್ನು ಕೇಳಿತ್ತು. ಅವರು ಎರಡೂ ಕಡೆಯಿಂದ ಹುಳು ತರಿಸಿ ನೋಡಿದರು. ಸಿಕ್ಕ ಜಾಗ ಬರೆದ ಚೀಟಿಯಲ್ಲಿ ಜೌಗು ಎಂದಿದ್ದ ಒಂಬತ್ತು ಹುಳುಗಳು ಇದೇ ಜಾತಿಯವು. ಕೊರಕಲಿನಿಂದ ಆ ಸಲ ಬಂದದ್ದೆಲ್ಲ ಎಲ್ಲೆಂದರಲ್ಲಿ ಸಿಗುವ ಇನ್ನೊಂದು ಜಾತಿ. ಹುಳುವಿಗೆ ನಿಜವಾಗಿ ಒಗ್ಗುವ ಜಾಗ ಜೌಗು, ಕೊರಕಲು ಹೋದರೆ ನಷ್ಟವಿಲ್ಲ ಎಂದು ಬರೆದರು. ಈಗ ಕೊರಕಲು ಇದ್ದ ಕಡೆ ಜಲ್ಲಿಯ ರಾಶಿ. ಜೌಗಿನಲ್ಲಿ ಜರಡಿ ಮೂರು ಮಳೆಗಾಲ ಮಂಡಿಯುದ್ದ ಕೆಸರಲ್ಲಿ ನಿಂತು ಜಾಲಿಸಿದಳು. ಒಂದೂ ಸಿಗಲಿಲ್ಲ.

ಬಹುಶಃ ಜೌಗಿನದು ಬೇರೆಯೇ ಜಾತಿ ಇರಬಹುದು, ಅದಕ್ಕೇ ತಾನು ಹುಡುಕಬೇಕಾದ ಕಡೆ ಹುಡುಕುತ್ತಿಲ್ಲ. ಇದು ಹುಡುಗಿಯ ಕೊನೆಯ ಆಸೆ. ಆ ಒಂಬತ್ತರಲ್ಲಿ ಒಂದನ್ನು ಬಿಡಿಸಿ ಕೊಡಿ ಎಂದು ಬೆಳಿಗ್ಗೆಯಿಂದ ಹಿಂದೆ ಬಿದ್ದಿದ್ದಳು.

ಸೂಜಿ ಒಳಹೋಗಿ ತಿರುಗಿ ಹೊರಬಂತು. ತುದಿಯಲ್ಲಿ ಜೇನಿನ ಬಣ್ಣದ ಚೂರು. ಅವಳು ಅದನ್ನು ಗಾಜಿನ ಮೇಲಿಟ್ಟು, ಕಣ್ಣು ಹಚ್ಚಿದಳು. ಅದೇ ಬಾಗು. ತುದಿಯಲ್ಲಿ ಅದೇ ಎರಡು ಕೂದಲು.

"ಅದೇ ಕಣೇ," ಎಂದಳು.

ಹುಡುಗಿ ತಾನೂ ಬಗ್ಗಿ ನೋಡಿದಳು. ನೆಟ್ಟಗಾದಾಗ ಮುಖದಲ್ಲಿ ನಗು ಇತ್ತು, ಅಳು ತಡೆಯುವವರ ನಗು.

"ಹಾಗಾದ್ರೆ ನಾನು ಹೋದೆ ಬಿಡಿ. ಚೀಟೀನೇ ತಪ್ಪಿರಬಹುದು ಸರ್ ಅಂತ ನಿನ್ನೆ ದೊಡ್ಡವರ ಹತ್ರ ಬಾಯಿಬಿಟ್ಟೆ. ಹುಳ ಹಿಡಿದು ತಂದವರು ತಪ್ಪು ಬರೆದಿರಬಹುದು ಅಂತ ಅಕ್ಕಾ, ನಿಮ್ಮ ಬಗ್ಗೆ ಅಲ್ಲ."

"ಏನಂದ್ರು?"

ಜರಡಿ ಗಂಟಲು ತಗ್ಗಿಸಿ ದೊಡ್ಡವರ ಧ್ವನಿ ತಂದಳು. "'ಆ ಚೀಟಿ ಚುಚ್ಚಿದ ಕೈ ಯಾವುದು ಗೊತ್ತೇನಮ್ಮಾ? ಗಂಡ ಬಸ್ಸಲ್ಲೇ ಬಿದ್ದ ಅಂತ ಫೋನ್ ಬಂದಾಗ್ಲೂ, ಹುಳ ಒಣಗಬಾರದು ಅಂತ ಸೀಸೆ ಮುಚ್ಚಿಟ್ಟು ಆಮೇಲೆ ಎದ್ದ ಹೆಂಗಸು. ಕುಣಿಯಲಾರದವಳಿಗೆ ನೆಲ ಡೊಂಕು.' ನಾಡಿದ್ದು ಶುಕ್ರವಾರ ನನ್ನ ಸಂಶೋಧನೆ ನೋಡೋ ಸಮಿತಿ ಮುಂದೆ ಅದನ್ನೇ ಬರೆದು ಇಡ್ತಾರಂತೆ. ಇವಳಿಗೆ ಹುಡುಕೋಕೆ ಬರಲ್ಲ ಅಂತ. ಅಲ್ಲಿಗೆ ನನ್ನ ಮೂರು ವರ್ಷ ಮುಗೀತು."

ಹುಡುಗಿ ಹೋದ ಮೇಲೆ ಸೂಜಿಯಕ್ಕ ಬಟ್ಟಲು ತೊಳೆಯಲು ಎದ್ದಳು.

ಬಿಳಿ ಪಿಂಗಾಣಿಯ ತಳದಲ್ಲಿ ಚಿಟಿಕೆಯಷ್ಟು ಬೂದಿ ಬಣ್ಣ ಕೂತಿತ್ತು. ಹುಳುವಿನ ಕಾಲಿನ ಕೂದಲುಗಳಿಂದ ನೀರಿಗೆ ಬಿಟ್ಟದ್ದು. ಚೆಲ್ಲಬೇಕೆಂದಿದ್ದವಳು ಅಭ್ಯಾಸಬಲದಿಂದ ಬಟ್ಟಲನ್ನು ಮತ್ತೆ ಮಸೂರದ ಕೆಳಗಿಟ್ಟಳು. ಚೂಪು ಅಂಚಿನ ಕಣಗಳು, ಬೆಳಕಿಗೆ ಮಿಣಮಿಣ ಎನ್ನುತ್ತಿದ್ದವು. ಕಲ್ಲಿನ ಪುಡಿ.

ಜೌಗಿನಲ್ಲಿ ಕಲ್ಲಿಲ್ಲ. ಅಲ್ಲಿಂದ ಬಂದ ಸಾವಿರಾರು ಹುಳುಗಳನ್ನು ಅವಳು ತೊಳೆದಿದ್ದಳು. ಪ್ರತಿಯೊಂದರ ಕಾಲಿಂದಲೂ ಬಿಡುವುದು ಕಾಡಿಗೆಯಂಥ ಕೆಸರು. ಒಂಬತ್ತರಲ್ಲಿ ಇನ್ನೆರಡನ್ನು ಬಿಸಿನೀರಿಗೆ ಬಿಟ್ಟಳು. ಬೂದಿ, ಮತ್ತೆ ಬೂದಿ. ಆಮೇಲೆ ಎದ್ದು, ಬೇರೆ ಕಪಾಟಿನಿಂದ ಅದೇ ತಿಂಗಳ, ಕೊರಕಲಿನ ಚೀಟಿಯ, ಯಾರೂ ಹನ್ನೊಂದು ವರ್ಷದಿಂದ ಕೇಳದ ಸಾಧಾರಣ ಜಾತಿಯ ಒಂದು ಹುಳುವನ್ನು ತಂದು ನೀರಿಗಿಟ್ಟಳು. ಕಾಲು ಗಂಟೆಯಲ್ಲಿ ನೀರಿಗೆ ಜೌಗಿನ ಕಪ್ಪು ಕೆಸರು ಇಳಿಯಿತು.

ದಾಖಲೆ ಪುಸ್ತಕ ತೆಗೆದು ತಾರೀಖು ನೋಡುವ ಅಗತ್ಯ ಇರಲಿಲ್ಲ. ಆದರೂ ನೋಡಿದಳು.

ಒಂದು ಹೊತ್ತಿಗೆ ಒಂದೇ ಸೀಸೆ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಅವಳು ಹೇಳಿಕೊಡುವ ಮೊದಲ ಪಾಠ ಅದು. ಒಂದು ಸೀಸೆಯ ಹುಳುಗಳನ್ನು ಅಂಟಿಸಿ, ಸೂಜಿ ಚುಚ್ಚಿ, ಚೀಟಿ ಹಾಕಿ ಮುಗಿಸುವ ತನಕ ಇನ್ನೊಂದರ ಮುಚ್ಚಳ ಮುಟ್ಟಬಾರದು. ಹನ್ನೊಂದು ವರ್ಷದ ಹಿಂದಿನ ಆ ದಿನ ದೊಡ್ಡವರಿಗೆ ಗಣಿಯ ವರದಿಯ ಅವಸರ. ಎರಡೂ ಕಡೆಯ ಸೀಸೆ ಇವತ್ತೇ ಆಗಲಿ ಎಂದಿದ್ದರು. ಎರಡು ಬಟ್ಟಲು ಪಕ್ಕಪಕ್ಕ ಇಟ್ಟು ಎರಡನ್ನೂ ಸುರಿದಿದ್ದಳು. ಗೋಡೆಯ ಫೋನ್ ಹೊಡೆದುಕೊಂಡಿತು. ನಿಮ್ಮ ಮನೆಯವರು ಬಸ್ಸು ಓಡಿಸ್ತಾ ಇದ್ದ ಹಾಗೇ ಕುಸಿದರು, ಬೇಗ ಬನ್ನಿ, ಎಂದರು. ಅವಳು ಮೇಜಿಗೆ ಬಂದು, ಹುಳುಗಳನ್ನು ಮತ್ತೆ ಸ್ಪಿರಿಟ್ಟಿಗೆ ಹಾಕಿ, ಎರಡು ಚೀಟಿಗಳನ್ನು ಎರಡು ಸೀಸೆಗೆ ಇಳಿಬಿಟ್ಟು, ಮುಚ್ಚಳ ಬಿಗಿದು ಓಡಿದ್ದಳು. ಒಂಬತ್ತು ದಿನ ಬಿಟ್ಟು ಬಂದು, ಚೀಟಿಯಲ್ಲಿದ್ದಂತೆ ಚುಚ್ಚಿದಳು.

ಮುಚ್ಚಳ ಬಿಗಿದದ್ದು ಮಾತ್ರ ಕತೆಯಾಗಿ ಉಳಿದಿತ್ತು. ವರ್ಷ ವರ್ಷವೂ ಅದನ್ನು ಕೇಳಿ, ಛೇ, ಅದರಲ್ಲೇನಿದೆ ಎನ್ನುತ್ತ ಒಳಗೊಳಗೇ ಅವಳು ಅದನ್ನು ಬೆಚ್ಚಗೆ ಇಟ್ಟುಕೊಂಡಿದ್ದಳು.

ಮನೆ ಸೇರಿದಾಗ ಗಂಡ ಎಂದಿನಂತೆ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೆಳಗಿನ ರಸ್ತೆ ನೋಡುತ್ತಿದ್ದ. ಅವನ ಬಲಗೈ ಮಡಿಲಲ್ಲಿ, ಯಾರೋ ಇಟ್ಟು ಮರೆತು ಹೋದ ವಸ್ತುವಿನಂತೆ ಬಿದ್ದಿತ್ತು.

"ಐದೂ ಇಪ್ಪತ್ತರದ್ದು ಆರು ನಿಮಿಷ ಲೇಟು. ಡ್ರೈವರ್ ಹೊಸಬ. ಕ್ಲಚ್ಚು ಒತ್ತೋದು ನೋಡಿದ್ರೆ ಗೊತ್ತಾಗುತ್ತೆ."

"ಮೂರನೇ ಮಹಡಿಯಿಂದ ಕ್ಲಚ್ಚು ಕಾಣುತ್ತೇನ್ರೀ?"

"ಕಾಣೋದಲ್ಲ ಕಣೇ, ಕೇಳೋದು." ಮಾತು ಒಂದು ಬದಿಯಿಂದ ಜಾರಿ ಬರುತ್ತಿತ್ತು. "ಇವತ್ತು ಹೊಸ ನರ್ಸಮ್ಮ ಬಂದಿದ್ಲು. ಅವಳಿಗೂ ಹೇಳ್ದೆ."

"ಬ್ರೇಕಿನ ವಿಷಯ."

"ಹೂಂ. ನಲವತ್ತು ಜನ. ಕಾಲು ಸತ್ತು ಹೋಗ್ತಾ ಇತ್ತು, ಆದ್ರೂ ಪಕ್ಕಕ್ಕೆ ತಂದು ನಿಲ್ಲಿಸ್ದೆ."

"ಹೋದ ವರ್ಷ ಮೂವತ್ತೆಂಟಿದ್ರು."

"ಇಬ್ರು ಆಮೇಲೆ ಹತ್ತಿದ್ರು."

ಅವಳು ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಚಮಚದಲ್ಲಿ ತಿನ್ನಿಸಿದಳು. ಬಾಯಿಯ ಅಂಚಿನಿಂದ ಇಳಿದದ್ದನ್ನು ಒರೆಸಿದಳು. ಅವನು ನುಂಗಿ, ಹಳೆಯ ಚುಚ್ಚುಮಾತಿಗೆ ಬಂದ.

"ನೀನೂ ಕಮ್ಮಿ ಏನಲ್ಲ ಬಿಡು. ಗಂಡ ಸಾಯ್ತಾ ಬಿದ್ದಿದ್ರೆ, ಇವಳು ಹುಳಕ್ಕೆ ಹೊದಿಸಿ ಮಲಗಿಸಿ ಬಂದ್ಲು."

ಪ್ರತಿ ಸಲ ಇದಕ್ಕೆ ಅವಳ ಬಳಿ ಉತ್ತರವಿತ್ತು: ಹುಳ ನಿಮ್ಮಷ್ಟು ಮಾತಾಡಲ್ಲ. ಇಂದು ಚಮಚವನ್ನು ಬಟ್ಟಲಿಗಿಟ್ಟು ಎದ್ದಳು.

"ಯಾಕೇ, ತಿರುಗಿ ಬೈಲಿಲ್ಲ?"

"ಸುಸ್ತು ಕಣ್ರೀ."

ಪಾತ್ರೆ ತೊಳೆಯುತ್ತ ಅವಳು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹೇಳಿ ನೋಡಿದಳು. ಹುಡುಗಿ ಇನ್ನೂ ಚಿಕ್ಕವಳು, ಬೇರೆ ಏನಾದರೂ ಸಿಗುತ್ತದೆ. ಹೇಳಲು ಸುಲಭವಾಗಿತ್ತು. ಇನ್ನೊಮ್ಮೆ ಹೇಳಿದಾಗ, ಮಂಡಿಯವರೆಗೆ ಜಿಗಣೆ ಕಚ್ಚಿದ ಗುರುತುಗಳನ್ನು ತೋರಿಸಿ, ನಾನು ಬರಿಗೈಲಿ ಬಂದ್ರೂ ಅವು ತುಂಬ್ಕೊಂಡು ಹೋದ್ವು ಅಕ್ಕಾ ಎಂದು ನಕ್ಕಿದ್ದ ಆ ಹುಡುಗಿಯ ಕಾಲುಗಳು ಕಣ್ಣಮುಂದೆ ಬಂದವು.

ತನ್ನ ಹೆಸರು ಹೋಗುವುದಿತ್ತು. ನಾಲ್ಕು ವರ್ಷದಲ್ಲಿ ನಿವೃತ್ತಿ, ಸೂಜಿಯಕ್ಕ ಎಂಬ ಆ ಕರೆ ಬಿಟ್ಟರೆ ಅಲ್ಲಿಂದ ಹೊತ್ತು ತರಲು ಅವಳಿಗೆ ಬೇರೇನೂ ಇರಲಿಲ್ಲ. ಆದರೆ ಎದೆಯ ಮೇಲೆ ಕೂತದ್ದು ಅದಲ್ಲ. ಜೌಗಿನಲ್ಲಿ ಹುಳು ಸಿಗದೆ ಇರುವ ತನಕ ಅದು ಅಲ್ಲೆಲ್ಲೋ ಇದೆ. ಅಲ್ಲಿ ಎಂದೂ ಇರಲೇ ಇಲ್ಲ ಎಂದು ತಿಳಿದ ದಿನ, ಎಲ್ಲಿಯೂ ಇಲ್ಲ. ಆ ಚುಕ್ಕಿ ಅಳಿಸಿದರೆ ನಕ್ಷೆಯಲ್ಲಿ ಉಳಿಯುವುದು ಜಲ್ಲಿ ರಾಶಿಯ ಮೇಲಿನ ಒಂದು ಚುಕ್ಕಿ. ಇಡೀ ಜಾತಿ, ಅವಳ ಎರಡು ಬೆರಳುಗಳ ನಡುವೆ, ಒಂದು ಮುಚ್ಚಳ ತಿರುಗಿಸುವ ಹೊತ್ತಿನಲ್ಲಿ ಹೋಗಿತ್ತು. ಅವಳು ಬಾಯಿಬಿಡದಿದ್ದರೆ ಅದು ಇನ್ನೂ ಬದುಕಿಯೇ ಇರುತ್ತದೆ.

ಗುರುವಾರ ಮಧ್ಯಾಹ್ನ ದೊಡ್ಡವರೇ ಅವಳ ಕೋಣೆಗೆ ಬಂದರು. ಈಚೆಗೆ ಕಣ್ಣಿಗೆ ಪೊರೆ ಬಂದು, ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಕುರ್ಚಿ ಎಳೆದು ಕೊಟ್ಟರೆ ಕೂರಲಿಲ್ಲ.

"ನಾಳೆ ಸಮಿತಿಯವರು ಒಂಬತ್ತನ್ನೂ ನೋಡ್ಬೇಕು ಅಂದಿದ್ದಾರಮ್ಮಾ. ಪೆಟ್ಟಿಗೆ ಸರಿಯಾಗಿ ಇಟ್ಟಿರಿ."

"ಸರಿ ಸರ್."

"ಆ ಹುಡುಗಿ ಮೇಲೆ ನನಗೇನು ಹಗೆ ಇದೆ ಹೇಳಿ? ಆದ್ರೆ ತನಗೆ ಸಿಗಲಿಲ್ಲ ಅಂತ ಇಲ್ಲವೇ ಇಲ್ಲ ಅಂದ್ರೆ ಹೇಗೆ?" ನಕ್ಷೆಯ ಕಡೆ ತಿರುಗಿದರು. ಆ ದೂರದಿಂದ ಚುಕ್ಕಿಗಳು ಅವರಿಗೆ ಕಾಣಿಸುವಂತಿರಲಿಲ್ಲ. "ಇದೆ ಅದು. ಕೆಸರೊಳಗೆ ಎಲ್ಲೋ ಕೂತಿದೆ. ಇಲ್ಲದಿದ್ರೆ ನಾನು ಹಾಗೆ ಬರೆದುಕೊಡ್ತಿದ್ನಾ?"

ಅವಳು ಅವರ ಮುಖ ನೋಡಿದಳು. ಪ್ರಶ್ನೆ ಸಮಿತಿಗಾಗಿ ಕೇಳಿದ್ದಲ್ಲ.

"ಇದೆ ಅಲ್ವೇನಮ್ಮಾ?"

"ಪೆಟ್ಟಿಗೆ ಸರಿ ಮಾಡಿ ಇಡ್ತೀನಿ ಸರ್," ಎಂದಳು.

ಅವರ ಹೆಜ್ಜೆ ಕಾರಿಡಾರಿನ ಕೊನೆ ಮುಟ್ಟುವವರೆಗೆ ಹಾಗೇ ನಿಂತಿದ್ದು, ಆಮೇಲೆ ಬಾಗಿಲು ಮುಂದೆ ಮಾಡಿ ಕೂತಳು. ದಪ್ಪ ಕಾಗದದ ಒಂದು ಹಾಳೆ ತೆಗೆದು ಬ್ಲೇಡಿನಿಂದ ಉಗುರಿನಗಲದ ಒಂಬತ್ತು ಚೂರು ಕತ್ತರಿಸಿದಳು. ಈ ಕೆಲಸದಲ್ಲಿ ಹಳೆಯ ಚೀಟಿಯನ್ನು ಯಾರೂ ಕಿತ್ತು ಬಿಸಾಡುವಂತಿಲ್ಲ, ತಪ್ಪಿದ್ದರೂ ಅದು ಅಲ್ಲೇ ಇರಬೇಕು. ಅದೇ ಸೂಜಿಗೆ, ಅದರ ಕೆಳಗೆ, ಹೊಸದೊಂದನ್ನು ಚುಚ್ಚಬಹುದು. ಚುಚ್ಚಿದವರು ಹೆಸರು ಹಾಕಬೇಕು.

ಅತಿ ಸಣ್ಣ ಮೊನೆಯ ಪೆನ್ನು ತೆಗೆದುಕೊಂಡಳು. ಮೊದಲ ಚೂರನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಬರೆದಳು: ಜೌಗಿನದಲ್ಲ, ಕೊರಕಲಿನದು. ಎರಡು ಸೀಸೆ ಒಟ್ಟಿಗೆ ತೆರೆದಿದ್ದರಿಂದ ಚೀಟಿ ಅದಲುಬದಲು. ಕೆಳಗೆ ತನ್ನ ಹೆಸರು, ಆ ಕಟ್ಟಡದಲ್ಲಿ ಯಾರೂ ಕರೆಯದ ಹೆಸರು, ಪೂರ್ತಿಯಾಗಿ. ಎರಡನೆಯದರ ಮೇಲೂ ಅದನ್ನೇ ಬರೆದಳು. ಅಕ್ಷರ ಎಲ್ಲೂ ಅಲುಗಲಿಲ್ಲ. ಒಂಬತ್ತನೆಯದು ಮುಗಿದಾಗ ಪೆನ್ನಿನ ಮುಚ್ಚಳ ಹಾಕಿ, ಚೂರುಗಳನ್ನು ಮೇಜಿನ ಮೇಲೆ ಸಾಲಾಗಿ ಒಣಗಲು ಇಟ್ಟಳು.

ಕೋಣೆ ಕಾದು ಕೆಂಡವಾಗಿತ್ತು. ಕಿಟಕಿ ಮುಚ್ಚಿತ್ತು. ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಬಾಗಿಲು ಒಂದಿಷ್ಟು ಸರಿದು, ಜರಡಿಯ ತಲೆ ಮಾತ್ರ ಒಳಗೆ ಬಂತು.

"ಅಯ್ಯೋ ಅಕ್ಕಾ, ಈ ಸೆಕೆಯಲ್ಲಿ ಹೀಗೆ ಕೂತಿದ್ದೀರಲ್ಲ. ಫ್ಯಾನ್ ಹಾಕ್ಲಾ?"

"ಬೇಡ," ಎಂದಳು. ಹುಡುಗಿ ಹೋದಳು. ಅವಳು ಎರಡೂ ಅಂಗೈಗಳನ್ನು ಮೇಜಿನ ಅಂಚಿಗೆ ಒತ್ತಿಟ್ಟುಕೊಂಡು, ಉಸಿರು ತಾಗಿ ಚೂರುಗಳು ಹಾರದಂತೆ ಮುಖ ಆಚೆಗೆ ತಿರುಗಿಸಿ, ಶಾಯಿ ಆರುವುದನ್ನು ಕಾಯುತ್ತ ಕೂತಳು.