ಗೈದರ್ಸ್‌ಬರ್ಗಿನ ಐದು ಗುರುಕುಲಗಳು

ಸೂರ್ಯನಾರಾಯಣರಿಗೆ ತಾವೊಬ್ಬ ಸಾರವಾದಿ ಎಂಬ ಸಂಗತಿ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ.

ಅಲ್ಲಿಯತನಕ ಅವರು ತಮ್ಮನ್ನು ಕನ್ನಡ ಮೇಷ್ಟ್ರು ಎಂದಷ್ಟೇ ತಿಳಿದಿದ್ದರು. ವಾರವಿಡೀ ಮೇರಿಲ್ಯಾಂಡ್ ರಾಜ್ಯದ ಗೈದರ್ಸ್‌ಬರ್ಗಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ತೂಕದ ಬಟ್ಟುಗಳು ಹೇಳಿಕೊಂಡಷ್ಟೇ ತೂಗುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಅವರ ಉದ್ಯೋಗ. ಭಾನುವಾರ ಮಧ್ಯಾಹ್ನ ಅದೇ ಉದ್ಯೋಗವನ್ನು ಮಕ್ಕಳ ಮೇಲೆ ಮುಂದುವರಿಸುತ್ತಿದ್ದರು. ಕೊರಿಯನ್ನರ ಪ್ರಾರ್ಥನೆ, ಊಟ ಎರಡೂ ಮುಗಿದು, ಬೆಳ್ಳುಳ್ಳಿಯ ಘಮ ಇನ್ನೂ ಆರದಿದ್ದ ಆ ನೆಲಮಾಳಿಗೆಯಲ್ಲಿ ಊರಿನ ಕನ್ನಡಿಗರ ಮಕ್ಕಳು ಸಾಲಾಗಿ ಕೂತು ಕ ಕಾ ಕಿ ಕೀ ಬರೆಯುತ್ತಿದ್ದರು. ಪ್ರತಿವಾರ ಪರೀಕ್ಷೆ, ಪ್ರತಿವಾರ ಅಂಕ. ಒತ್ತಕ್ಷರ ತಪ್ಪಿದವರು ಅದನ್ನು ಹಾಳೆ ತುಂಬ ಬರೆಯಬೇಕು. ಮಕ್ಕಳಿಗೆ ಇದು ಇಷ್ಟವಿರಲಿಲ್ಲ. ಇಷ್ಟವಾಗಬೇಕೆಂದು ಸೂರ್ಯನಾರಾಯಣರೂ ಬಯಸಿರಲಿಲ್ಲ. ಎಲ್ಲರೂ ಸುಖವಾಗಿದ್ದರು.

ತೊಂಬತ್ತಾರರ ವಸಂತದಲ್ಲಿ ಮಧುರಾ ಬಂದಳು. ಮೈಸೂರಿನ ಹುಡುಗಿ, ಗಂಡನಿಗೆ ಸಾಫ್ಟ್‌ವೇರ್ ಕೆಲಸ, ಎಂಟು ವರ್ಷದ ಮಗ ಚಿರಂತನ್. ಅವಳು ಫೇರ್‌ಫ್ಯಾಕ್ಸಿನ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದ ಮಾಸ್ಟರ್ಸ್ ಓದುತ್ತಿದ್ದಳು, ಮತ್ತು ಬೆಲ್ಟ್‌ವೇ ಹೆದ್ದಾರಿಯ ವಾಹನಸಂದಣಿಯಲ್ಲಿ ದಿನಾ ಗಂಟೆಗಟ್ಟಲೆ ನಿಂತಿರುತ್ತಿದ್ದುದರಿಂದ ಓದಿದ್ದನ್ನು ಮನನ ಮಾಡಲು ಅವಳಿಗೆ ಬೇಕಾದಷ್ಟು ಸಮಯವಿತ್ತು. ಒಂದು ಭಾನುವಾರ ಹಿಂದಿನ ಸಾಲಿನಲ್ಲಿ ಕೂತು ಪಾಠವನ್ನೆಲ್ಲ ನೋಡಿದಳು. ಮುಗಿದ ಮೇಲೆ ಉಪ್ಪಿಟ್ಟು ಹಂಚುವ ಹೊತ್ತಿಗೆ ಹತ್ತಿರ ಬಂದು, ಕಾಯಿಲೆಯ ಹೆಸರು ಹೇಳುವ ಡಾಕ್ಟರ ದನಿಯಲ್ಲಿ ಹೇಳಿದಳು:

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ನೀವು ಕಂಪ್ಲೀಟ್ ಎಸೆನ್ಶಿಯಲಿಸ್ಟ್."

ಅಂದರೆ ಸಾರವಾದಿ. ಕೆಲವು ಮೂಲಪಾಠಗಳು ಎಲ್ಲರಿಗೂ ಬರಲೇಬೇಕು, ಮೇಷ್ಟ್ರು ಹೇಳಬೇಕು, ಮಗು ಕಲಿಯಬೇಕು, ಕಲಿತದ್ದನ್ನು ಅಳೆಯಬೇಕು ಎನ್ನುವ ಪಂಥ. ತಾನು ಪ್ರಗತಿವಾದಿ ಎಂದೂ ಹೇಳಿಕೊಂಡಳು. ಮಗುವೇ ಕೇಂದ್ರ, ಅನುಭವವೇ ಗುರು, ಪರೀಕ್ಷೆ ಎಂಬುದು ಹಿಂಸೆ.

ಸೂರ್ಯನಾರಾಯಣರಿಗೆ ಮೊದಲು ಸಿಟ್ಟು ಬಂತು. ಮಾರನೆಯ ದಿನ ಕೌಂಟಿ ಲೈಬ್ರರಿಗೆ ಹೋಗಿ ಶಿಕ್ಷಣದ ತತ್ತ್ವಶಾಸ್ತ್ರದ ಒಂದು ದಪ್ಪ ಪುಸ್ತಕ ತಂದು ಓದಿದಾಗ ಸಿಟ್ಟು ಇಳಿದು ಒಂದು ಬಗೆಯ ಪುಳಕ ಹುಟ್ಟಿತು. ಇಷ್ಟು ವರ್ಷ ತಾವು ಮಾಡಿದ್ದು ಬರೀ ಗದರಿಕೆಯಲ್ಲ, ಒಂದು ದರ್ಶನ. ಹೆಂಡತಿ ಅಲಮೇಲುವಿಗೂ ಅದನ್ನು ವಿವರಿಸಿದರು. ಅಲಮೇಲು ಒಗ್ಗರಣೆ ಹಾಕುತ್ತಲೇ ಕೇಳಿಸಿಕೊಂಡು, ಇದಕ್ಕೆ ಹೆಸರು ಬೇರೆ ಇದೆಯಾ ಎಂದಳು.

ಮುಂದಿನ ಪೋಷಕರ ಸಭೆಯಲ್ಲಿ ಮಧುರಾ ಪ್ರಸ್ತಾಪವಿಟ್ಟಳು: ತತ್ತ್ವವಿಲ್ಲದ ಶಾಲೆ ಶಾಲೆಯೇ ಅಲ್ಲ, ನಮ್ಮ ತತ್ತ್ವ ಯಾವುದೆಂದು ಮೊದಲು ತೀರ್ಮಾನವಾಗಲಿ. ವಾರವಿಡೀ ಬೇರೆಯವರ ತೀರ್ಮಾನಗಳಿಗೆ ಪ್ರೋಗ್ರಾಮ್ ಬರೆಯುವ ಜನಕ್ಕೆ ತಾವೇ ತೀರ್ಮಾನಿಸುವ ಅವಕಾಶ ಸಿಕ್ಕರೆ ಬಿಡುತ್ತಾರೆಯೇ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಹರಿಪ್ರಸಾದ ಎಂಬ ಸರ್ಕಾರಿ ಗುತ್ತಿಗೆ ಕಂಪನಿಯ ಮ್ಯಾನೇಜರು ಪರಿವಿಡಿ ನೋಡಿ ನಿತ್ಯವಾದವನ್ನು ಆರಿಸಿಕೊಂಡ. ಶತಮಾನಗಳು ಕಳೆದರೂ ಬದಲಾಗದ ಸತ್ಯಗಳನ್ನಷ್ಟೇ ಕಲಿಸಬೇಕು ಎನ್ನುವ ಆ ಪಂಥ ಅವನಿಗೆ ಹಿಡಿಸಿತು, ಏಕೆಂದರೆ ಅದಕ್ಕೆ ಹೊಸದಾಗಿ ಏನನ್ನೂ ತಯಾರಿಸಬೇಕಾಗಿರಲಿಲ್ಲ. ಆರು ವರ್ಷದ ಮಕ್ಕಳಿಗೆ ಹಳಗನ್ನಡದ ಕಂದಪದ್ಯದಿಂದಲೇ ಶುರುಮಾಡುವುದಾಗಿ ಸಾರಿದ. ಧಾರವಾಡದ ಕಡೆಯ ಮಹಾಂತಪ್ಪ ಜೈವಿಕ ತಂತ್ರಜ್ಞಾನದ ಕಂಪನಿಯಲ್ಲಿ ಇಲಿಗಳ ಜೊತೆ ಕೆಲಸ ಮಾಡುವವರು. ಅವರು ಪುನರ್ನಿರ್ಮಾಣವಾದ ಹಿಡಿದರು. ಶಾಲೆ ಇರುವುದು ಅಕ್ಷರಕ್ಕಲ್ಲ, ಸಮಾಜವನ್ನು ಒಡೆದು ಹೊಸದಾಗಿ ಕಟ್ಟುವುದಕ್ಕೆ ಎಂದು ಮೇಜು ಗುದ್ದಿದರು. ಕಾಫಿ ಚೆಲ್ಲಿತು. ಅವರ ಹೆಂಡತಿ ಶಾಂತವ್ವ ಬಂದು ಒರೆಸಿದರು.

ಬೆಂಗಳೂರಿನ ಮಕ್ಬೂಲ್ ಮಾತ್ರ ಯಾವುದನ್ನೂ ಆರಿಸಿಕೊಳ್ಳಲಿಲ್ಲ. "ನಮ್ಮ ಝೈನ್‌ಗೆ ನಾಲ್ಕು ಮಾತಾಡಕ್ಕೆ ಬಂದ್ರೆ ಸಾಕು. ಯಾವ ಇಸಂ ಆದ್ರೂ ನಡೆಯುತ್ತೆ," ಅಂದ. ತತ್ತ್ವವಿಲ್ಲದ ಮನುಷ್ಯನನ್ನು ಸಭೆ ಕರುಣೆಯಿಂದ ನೋಡಿ ಮುಂದಿನ ವಿಷಯಕ್ಕೆ ಹೋಯಿತು.

ಒಮ್ಮತ ಆಗಲಿಲ್ಲ. ಕೊನೆಗೆ ನೆಲಮಾಳಿಗೆಯ ನಾಲ್ಕು ಮೂಲೆಗಳನ್ನು ನಾಲ್ಕು ಪಂಥಗಳಿಗೆ ಹಂಚಲಾಯಿತು. ಯಾವ ಮೂಲೆಗೆ ಹೋಗಬೇಕೆಂದು ಮಕ್ಕಳೇ ಆರಿಸಲಿ ಎಂದು ಮಧುರಾ ಹಟ ಹಿಡಿದಳು. ಮಕ್ಕಳು ಆರಿಸಿದರು: ಎಲ್ಲರೂ ಸಾಮೂಹಿಕವಾಗಿ ಕೋಕ್ ಮಶೀನಿನ ಬಳಿ ಹೋಗಿ ನಿಂತರು. ಇದನ್ನು ಆಯ್ಕೆ ಎನ್ನಲಾಗದು ಎಂದು ನಾಲ್ಕು ಪಂಥಗಳೂ ಮೊದಲ ಬಾರಿಗೆ ಏಕಕಂಠದಿಂದ ಹೇಳಿದವು. ತಂದೆ ತಾಯಂದಿರೇ ಮಕ್ಕಳನ್ನು ಹಂಚಿದರು.

ಪುಸ್ತಕದಲ್ಲಿ ಐದನೆಯದೊಂದು ಪಂಥವಿತ್ತು, ಅಸ್ತಿತ್ವವಾದ. ಅದನ್ನು ಯಾರೂ ಕೇಳಿರಲಿಲ್ಲ. ಸೂರ್ಯನಾರಾಯಣರ ಮಗಳು ಚೈತನ್ಯಾ ಅದನ್ನು ತಾನಾಗಿ ತೆಗೆದುಕೊಂಡಳು. ಹದಿನೈದರ ಹುಡುಗಿ, ಕಾಗುಣಿತದಲ್ಲಿ ಒಂದು ಕೊಂಬು ತಪ್ಪುವವಳಲ್ಲ, ಅಪ್ಪನ ಮೂಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿ ನೇಮಕಗೊಂಡಿದ್ದಳು, ಅವಳನ್ನು ಕೇಳದೆಯೇ. ಎರಡನೆಯ ವಾರ ಅವಳು ಬರೆಸುವ ಪೆನ್ನು ಕೆಳಗಿಟ್ಟು, "ಐ ಚೂಸ್ ನಾಟ್ ಟು," ಎಂದಳು. ಹೋಗಿ ಮೆಟ್ಟಿಲ ಮೇಲೆ ಕೂತಳು. ಸೂರ್ಯನಾರಾಯಣರು ಇದನ್ನು ಉದ್ಧಟತನ ಎಂದರು. ಮಧುರಾ ಸಂತೋಷದಿಂದ ಕೈ ತಟ್ಟಿ, ಇದೇ ಅಂಕಲ್ ಅಸ್ತಿತ್ವವಾದ, ವ್ಯಕ್ತಿಯ ಸ್ವಂತ ಆಯ್ಕೆ, ಪುಸ್ತಕದಲ್ಲಿ ಹೀಗೇ ಇದೆ ಎಂದಳು. ನಿಮ್ಮ ಮಗ ಹೀಗೆ ಕೂತರೆ ನೋಡೋಣ ಎಂದು ಸೂರ್ಯನಾರಾಯಣರು ಮನಸ್ಸಿನಲ್ಲೇ ಅಂದುಕೊಂಡರು. ಝೈನ್ ಮತ್ತು ಇನ್ನೆರಡು ಮೂರು ಮಕ್ಕಳು ಬರಬರುತ್ತಾ ಮೆಟ್ಟಿಲಿಗೆ ಸೇರಿಕೊಂಡರು. ಅಲ್ಲಿ ಪಾಠವಿರಲಿಲ್ಲ. ಹರಟೆ ಮತ್ತು ನಗು ಇದ್ದವು.

ಬೇಸಿಗೆ ಕಳೆಯುವಷ್ಟರಲ್ಲಿ ಪಂಥಗಳ ನಡುವೆ ಗುಟ್ಟಿನ ಓಡಾಟ ಶುರುವಾಯಿತು. ಒಂದು ಬುಧವಾರ ಸಂಜೆ ಮಧುರಾ ಸೂರ್ಯನಾರಾಯಣರ ಮನೆಯ ಬಾಗಿಲಿಗೆ ಚಿರಂತನ್‌ನನ್ನು ಮುಂದೆ ನಿಲ್ಲಿಸಿಕೊಂಡು ಬಂದಳು. ಅವನು ಅವಳ ಮೂಲೆಯಲ್ಲಿ ಐದು ತಿಂಗಳು ಹಿಟ್ಟು ಕಲಸಿ, ಎಲೆಗಳಿಗೆ ಬಣ್ಣ ಹಚ್ಚಿ, ಅನುಭವಗಳಿಂದ ತುಂಬಿಹೋಗಿದ್ದ. ಅಕ್ಷರ ಮಾತ್ರ 'ಈ'ಯಿಂದ ಮುಂದೆ ಹೋಗಿರಲಿಲ್ಲ.

"ಸ್ವಲ್ಪ ಡ್ರಿಲ್ ಮಾಡ್ಸಿ ಅಂಕಲ್," ಅಂದಳು, ನೆಲ ನೋಡುತ್ತಾ. "ಆದ್ರೆ ಸಂಡೇ ದಿನ ಹೇಳ್ಬೇಡಿ."

ಸೂರ್ಯನಾರಾಯಣರು ಹೇಳಲಿಲ್ಲ. ಗೆದ್ದವನಿಗೆ ಔದಾರ್ಯ ಸುಲಭ. ಪ್ರತಿ ಬುಧವಾರ ಚಿರಂತನ್ ಬಂದು ಹಾಳೆ ತುಂಬ ಬರೆದು ಹೋಗುತ್ತಿದ್ದ. ಒಮ್ಮೆ ಮಧುರಾ ಮೆಲ್ಲಗೆ, ಅವನಿಗೆ ಎಷ್ಟು ಮಾರ್ಕ್ಸ್ ಬಂತು ಎಂದೂ ಕೇಳಿದಳು.

ನವೆಂಬರಿನಲ್ಲಿ ರಾಜ್ಯೋತ್ಸವ. ಒಂದು ಹೈಸ್ಕೂಲಿನ ಸಭಾಂಗಣ, ಮೇರಿಲ್ಯಾಂಡ್ ವರ್ಜೀನಿಯಾ ಎರಡೂ ಕಡೆಯ ಕನ್ನಡಿಗರು, ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು. ಪ್ರತಿ ಪಂಥವೂ ತನ್ನ ಫಲಿತಾಂಶವನ್ನು ವೇದಿಕೆಯ ಮೇಲೆ ತೋರಿಸಬೇಕೆಂದು ತೀರ್ಮಾನವಾಗಿತ್ತು.

ಮೊದಲು ನಿತ್ಯವಾದ. ಹರಿಪ್ರಸಾದನ ಮೂಲೆಯ ಮೂವರು ಮಕ್ಕಳು ಪಂಚೆ ಉಟ್ಟು ಕಂದಪದ್ಯವನ್ನು ಒಂದೇ ಉಸಿರಿನಲ್ಲಿ ಹೇಳಿದರು. ಹೇಳಿದವರಿಗೂ ಕೇಳಿದವರಿಗೂ ಒಂದಕ್ಷರ ಅರ್ಥವಾಗಲಿಲ್ಲವಾದ್ದರಿಂದ ಚಪ್ಪಾಳೆ ಬಹಳ ಹೊತ್ತು ಬಿತ್ತು.

ಆಮೇಲೆ ಪ್ರಗತಿವಾದ. ಮಧುರಾ ವೇದಿಕೆಯ ಮೇಲೆ ಒಂದು ಸಂತೆಯನ್ನೇ ಹೂಡಿದ್ದಳು. ಮಕ್ಕಳು ಬರೆದದ್ದನ್ನು ಒಪ್ಪಿಸಬಾರದು, ತಮ್ಮ ಅನುಭವದಿಂದ ಮಾತಾಡಬೇಕು. ಒಬ್ಬಳು ಬಂದು ಟೊಮೇಟೊ ಎಷ್ಟು ಎಂದು ಕನ್ನಡದಲ್ಲೇ ಕೇಳಿದಳು. ಮಾರುವವನು "ನೈಂಟಿನೈನ್ ಸೆಂಟ್ಸ್ ಎ ಪೌಂಡ್, ಡು ಯು ಹ್ಯಾವ್ ಎ ಕೂಪನ್," ಎಂದ. ಅಲ್ಲಿಂದ ಮುಂದೆ ಸಂತೆ ಇಂಗ್ಲಿಷಿನಲ್ಲೇ ನಡೆದು ಮುಗಿಯಿತು. ಮಕ್ಕಳು ತತ್ತ್ವಕ್ಕೆ ದ್ರೋಹ ಮಾಡಿರಲಿಲ್ಲ. ಅವರ ಅನುಭವವೆಲ್ಲ ಇದ್ದದ್ದೇ ಆ ಭಾಷೆಯಲ್ಲಿ.

ಮೂರನೆಯದು ಸಾರವಾದ. ಕಾಗುಣಿತದ ಓಟ. ಸೂರ್ಯನಾರಾಯಣರು ಅಕ್ಷರ ಹೇಳುವುದು, ಮಕ್ಕಳು ಓಡಿಹೋಗಿ ಹಲಗೆಯ ಮೇಲೆ ಬರೆಯುವುದು. ಚಿರಂತನ್ ಗುಟ್ಟು ಮರೆತು ಅವರ ಸಾಲಿನಲ್ಲೇ ಬಂದು ನಿಂತ, ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ. ಇಡೀ ಸಭಾಂಗಣದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವಳು ಮಧುರಾ ಒಬ್ಬಳೇ. ಆಮೇಲೆ ಸುತ್ತ ನೋಡಿ ಕೂತಳು.

ಕೊನೆಯದು ಪುನರ್ನಿರ್ಮಾಣವಾದ. ಮಹಾಂತಪ್ಪನವರ ಮೂಲೆಯ ಮಕ್ಕಳಲ್ಲಿ ಒಬ್ಬಳು ಮೈಕಿನ ಮುಂದೆ ಬಂದು, ಪ್ರತಿ ಕಾರ್ಯಕ್ರಮ ಆದ ಮೇಲೆ ಗಂಡಸರು ವೀಸಾ ಮಾತಾಡುತ್ತಾ ಕೂತಿರುವಾಗ ಹೆಂಗಸರು ಮಾತ್ರ ಏಕೆ ಪಾತ್ರೆ ತೊಳೆಯುತ್ತಾರೆ ಎಂದು ತಡವರಿಸುವ ಕನ್ನಡದಲ್ಲಿ ಕೇಳಿದಳು. ಮಹಾಂತಪ್ಪನವರು ಅವಳಿಗೆ ಕಲಿಸಿದ್ದು ಜಗತ್ತಿನ ಅನ್ಯಾಯಗಳ ಬಗ್ಗೆ, ಸ್ಥೂಲವಾಗಿ; ಉದಾಹರಣೆಯನ್ನು ಅವಳೇ ಹುಡುಕಿಕೊಂಡಿದ್ದಳು. ಸಭೆ ತಣ್ಣಗಾಯಿತು. ಅಡುಗೆ ಮನೆಯ ಬಾಗಿಲಿನಿಂದ ಮಾತ್ರ ಜೋರಾಗಿ ಚಪ್ಪಾಳೆ ಕೇಳಿಸಿತು. ಊಟವಾದ ಮೇಲೆ ಶಾಂತವ್ವ ತಮ್ಮ ಸೊಂಟದ ಏಪ್ರನ್ ಬಿಚ್ಚಿ ಗಂಡನ ಕೈಗೆ ಕೊಟ್ಟರು.

"ಸಮಾಜ ಇಲ್ಲಿಂದನ ಶುರು ಆಗ್ಲಿ ನೋಡ್ರಿ," ಎಂದರು.

ಮಹಾಂತಪ್ಪನವರು ಸಾಂಬಾರಿನ ಹಂಡೆಯ ಮುಂದೆ ನಿಂತು ತೋಳು ಮಡಿಚಿದರು. ಆ ಸಂಜೆ ಯಾರ ತತ್ತ್ವವಾದರೂ ಕಾರ್ಯರೂಪಕ್ಕೆ ಬಂದಿದ್ದರೆ ಅದು ಅವರದೊಬ್ಬರದೇ.

ಉತ್ತಮ ವಿಭಾಗ ಎಂದು ಸಾರವಾದಕ್ಕೆ ಬಹುಮಾನ ಘೋಷಣೆಯಾಗುವುದೆಂದು ಕನ್ನಡ ಕೂಟದ ಅಧ್ಯಕ್ಷರು ಸೂರ್ಯನಾರಾಯಣರ ಕಿವಿಯಲ್ಲಿ ಹೇಳಿದ್ದರು. ಬಹುಮಾನ ತೆಗೆದುಕೊಳ್ಳುವಾಗ ಮಗಳೂ ಪಕ್ಕದಲ್ಲಿರಲಿ ಎಂದು ಅವರು ಅವಳನ್ನು ಹುಡುಕಿಕೊಂಡು ವೇದಿಕೆಯ ಹಿಂದೆ ಹೋದರು. ಅಲ್ಲೂ ಒಂದು ಮೆಟ್ಟಿಲಿತ್ತು. ಅಸ್ತಿತ್ವವಾದಿಗಳು ಅದರ ಮೇಲಿದ್ದರು. ಅವರು ಕನ್ನಡದಲ್ಲಿ ಮಾತಾಡುತ್ತಿದ್ದರು.

ಸೂರ್ಯನಾರಾಯಣರು ಪರದೆಯ ಹಿಂದೆ ನಿಂತುಬಿಟ್ಟರು. ಯಾರೂ ಹೇಳಿಕೊಡದೆ, ಯಾರೂ ಅಳೆಯದೆ, ಮಕ್ಕಳು ಗಳಗಳನೆ ಮಾತಾಡುತ್ತಿದ್ದರು. ಸ್ಕೂಲ್ ಬಸ್ಸಿನಲ್ಲಿ ಎದುರಿಗಿರುವವರನ್ನೇ ಬೈಯುವುದಕ್ಕೆ ಈ ಭಾಷೆ ಬಹಳ ಅನುಕೂಲ ಎಂದು ಅವರು ಕಂಡುಕೊಂಡಿದ್ದರಂತೆ. ಲಿಂಗ ವಚನ ವಿಭಕ್ತಿ ಎಲ್ಲವೂ ಕಾಲು ಮುರಿದುಕೊಂಡು ಬಿದ್ದಿದ್ದವು. ಸೂರ್ಯನಾರಾಯಣರ ಎದೆಯಲ್ಲಿ ಮೊದಲು ಎದ್ದದ್ದು ಆನಂದವೇನೂ ಅಲ್ಲ, ತಿದ್ದುವ ತುರಿಕೆ. ಅಷ್ಟರಲ್ಲಿ ಚೈತನ್ಯಾ ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿಕೊಂಡು, ಅವರದೇ ದನಿಯಲ್ಲಿ "ತಪ್ಪು. ಮತ್ತೆ ಬರಿ," ಎಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅನುಕರಣೆ ಕರಾರುವಾಕ್ಕಾಗಿತ್ತು, ತೂಕ ಮಾಡಿ ನೋಡಿದ್ದರೂ ಗುಲಗಂಜಿ ಹೆಚ್ಚುಕಡಿಮೆ ಬರುತ್ತಿರಲಿಲ್ಲ.

"ನಿಂಗೆ ಲಕ್ಕಿ," ಅಂದ ಝೈನ್. "ಮನೇಲಿ ಫುಲ್ ಕನ್ನಡ."

"ನಮ್ಮಪ್ಪ ಮನೇಲಿ ಕನ್ನಡ ಮಾತಾಡಲ್ಲ. ಬರೀ ಕರೆಕ್ಟ್ ಮಾಡ್ತಾರೆ." ಚೈತನ್ಯಾ ನಗುತ್ತಲೇ ಹೇಳಿದಳು. "ನಾನು ಒಂದ್ಸಲ ಬಂದು, ಅಪ್ಪ, ನಾನು ಬಸ್ಸಿಂದ ಬಿದ್ದೋಯ್ತು ಅಂತ ಹೇಳಿದೆ. ಬಿದ್ದೋಯ್ತು ಅಲ್ಲ, ಬಿದ್ದೋದೆ ಅನ್ನು ಅಂದ್ರು. ನಾನು ಬಿದ್ದೋದೆ ಅಂದೆ. ಗುಡ್ ಅಂದ್ರು. ನೋವಾಯ್ತಾ ಅಂತ ಕೇಳ್ಲೇ ಇಲ್ಲ."

ಮಕ್ಕಳು ಇದಕ್ಕೂ ನಕ್ಕರು. ಸೂರ್ಯನಾರಾಯಣರಿಗೆ ಅವಳು ಬಿದ್ದು ಬಂದ ಆ ಸಂಜೆ ಸ್ಪಷ್ಟವಾಗಿ ನೆನಪಾಯಿತು. ಅವಳು ಬಾಗಿಲಲ್ಲಿ ನಿಂತದ್ದು, ಕ್ರಿಯಾಪದ ತಿದ್ದಿಕೊಂಡದ್ದು, ತಮಗೆ ಹೆಮ್ಮೆಯಾದದ್ದು. ಅವಳ ಮೊಣಕಾಲು ಹೇಗಿತ್ತೆಂದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಅವರು ಆ ಕಡೆ ನೋಡಿಯೇ ಇರಲಿಲ್ಲ.

ಮೈಕಿನಲ್ಲಿ ಅವರ ಹೆಸರು ಕೂಗಿದರು. ಹೋಗಿ ಬಹುಮಾನ ತೆಗೆದುಕೊಂಡರು. ಮಕ್ಕಳಿಗೆ ಬುನಾದಿ ಗಟ್ಟಿಯಾಗಿರಬೇಕು ಎಂಬ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ತಂದಿದ್ದರು. ಅದನ್ನು ಹೇಳದೆ ನಮಸ್ಕಾರ ಮಾಡಿ ಇಳಿದರು. ವಿನಯ ಎಂದು ಜನ ಮೆಚ್ಚಿದರು.

ಮನೆಗೆ ಹೋಗುವ ದಾರಿಯಲ್ಲಿ ಎರಡೆಪ್ಪತ್ತನೇ ಹೆದ್ದಾರಿಯ ಮೇಲೆ ಕಾರುಗಳು ಎಂದಿನಂತೆ ನಿಂತಿದ್ದವು. ಅಲಮೇಲು ಪಕ್ಕದಲ್ಲಿ ತೂಕಡಿಸುತ್ತಿದ್ದಳು. ಸೂರ್ಯನಾರಾಯಣರು ಕನ್ನಡಿಯಲ್ಲಿ ಮಗಳನ್ನು ನೋಡಿ, "ಮೊಣಕಾಲು ಹೇಗಿದೆ?" ಎಂದು ಕೇಳಿದರು.

"ವಾಟ್ ಮೊಣಕಾಲು?"

"ಬಸ್ಸಿಂದ ಬಿದ್ದಿದ್ದು."

ತಾನು ಹೇಳಿದ್ದು ಯಾರ ಕಿವಿಗೆ ಬಿದ್ದಿದೆ ಎಂದು ಅವಳಿಗೆ ತಿಳಿಯಿತು.

"ಅದು ಮಾರ್ಚಲ್ಲಿ, ಅಪ್ಪ," ಅಂದಳು. ಅವರು ಮತ್ತೇನೂ ಕೇಳದೆ ಸ್ಟಿಯರಿಂಗ್ ಹಿಡಿದು ಕೂತಿದ್ದನ್ನು ನೋಡಿ, ಕನಿಕರಪಟ್ಟವಳಂತೆ ಮುಂದುವರಿಸಿದಳು. "ಮೊಣಕಾಲು ಅಲ್ಲ. ಕೈ. ನಾನು ಮೆಟ್ಟಿಲ ಮೇಲೆ ಜಾರಿತು, ಆಮೇಲೆ ಡ್ರೈವರು ಓಡಿ ಬಂದಿತು."

ಎರಡು ತಪ್ಪು. ಸೂರ್ಯನಾರಾಯಣರು ಕೆಳತುಟಿ ಕಚ್ಚಿಕೊಂಡರು. ಆಮೇಲೆ ಏನಾಯಿತು ಎಂದು ಕೇಳಿದರು. ಅವಳು ಹೇಳಿದಳು. ನರ್ಸಿನ ಕಥೆ, ಅತ್ತ ಕಥೆ, ಆ ದಿನ ಲೆಕ್ಕದ ಪರೀಕ್ಷೆ ತಪ್ಪಿದ ಖುಷಿ. ಪ್ರತಿ ವಾಕ್ಯಕ್ಕೂ ಒಂದೊಂದು ತಪ್ಪು ಬಿದ್ದು, ಅವರ ತುಟಿ ಮನೆ ಮುಟ್ಟುವಷ್ಟರಲ್ಲಿ ಊದಿಕೊಂಡಿತು.

ಮುಂದಿನ ವರ್ಷ ನಾಲ್ಕು ಮೂಲೆಗಳೂ ಕರಗಿಹೋದವು. ಹರಿಪ್ರಸಾದನಿಗೆ ಬಡ್ತಿ ಬಂದು ನಿತ್ಯಸತ್ಯಗಳಿಗೆ ಬಿಡುವಿಲ್ಲದಾಯಿತು. ಮಹಾಂತಪ್ಪನವರು ಸಮಾಜವನ್ನು ಸದ್ಯಕ್ಕೆ ಇದ್ದ ಹಾಗೇ ಇರಲಿ ಎಂದು ಬಿಟ್ಟರು. ಮಧುರಾಳ ಗಂಡನಿಗೆ ಷಾರ್ಲಟ್ ಎಂಬ ದೂರದ ಊರಿನ ಬ್ಯಾಂಕೊಂದರಲ್ಲಿ ಕೆಲಸವಾಯಿತು. ಹೋಗುವ ಮುನ್ನ ಅವಳು ಮುಗಿಸಿದ ಪ್ರಬಂಧದಲ್ಲಿ, ವಲಸಿಗರ ಮಕ್ಕಳ ಮೇಲೆ ಅನುಭವಾಧಾರಿತ ಕಲಿಕೆಯ ಪ್ರಯೋಗ ಅಕ್ಷರ ಕಲಿಕೆಯಲ್ಲಿ ಗಮನಾರ್ಹ ಫಲ ನೀಡಿತು ಎಂದಿತ್ತು. ಉದಾಹರಣೆ ಚಿರಂತನ್. ಅವಳು ಷಾರ್ಲಟ್‌ನಲ್ಲೂ ಒಂದು ಕನ್ನಡ ಶಾಲೆ ತೆರೆದಳೆಂದೂ, ಅಲ್ಲಿ ಪ್ರತಿವಾರ ಪರೀಕ್ಷೆ ಇದೆಯೆಂದೂ ಸುದ್ದಿ ಬಂತು.

ನೆಲಮಾಳಿಗೆಯಲ್ಲಿ ಸೂರ್ಯನಾರಾಯಣರು ಈಗಲೂ ಕಾಗುಣಿತ ಬರೆಸುತ್ತಾರೆ. ಮೊದಲರ್ಧ ಗಂಟೆ ಮಕ್ಕಳು ಏನು ಬೇಕಾದರೂ ಹರಟಬಹುದು. ಆಗ ಅವರು ಕಾರಿಡಾರಿಗೆ ಹೋಗಿ ಕಿವಿಗೆ ಕೇಳಿಸದಷ್ಟು ದೂರ ನಿಲ್ಲುತ್ತಾರೆ. ಇದು ಯಾವ ಪಂಥ ಎಂದು ಪುಸ್ತಕದಲ್ಲಿ ಹುಡುಕಿದರು, ಸಿಗಲಿಲ್ಲ.

ಮನೆಯಲ್ಲಿ ಅವರು ತಿದ್ದುವುದನ್ನು ನಿಲ್ಲಿಸಿದ್ದರು, ಅಥವಾ ನಿಲ್ಲಿಸಿದ್ದೇನೆ ಎಂದು ನಂಬಿದ್ದರು. ಅಲಮೇಲು ಪ್ರಕಾರ ಅವರ ಹುಬ್ಬು ಇನ್ನೂ ತಿದ್ದುತ್ತಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಚೈತನ್ಯಾ ಸ್ಕೂಲಿನ ಏನನ್ನೋ ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಂತಳು.

"ಅಪ್ಪ, ಆ ವರ್ಡ್ ನಾನು ತಪ್ಪು ಹೇಳ್ದೆ ಅಲ್ವಾ? ಸರಿ ಯಾವ್ದು?"

ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ ಕೆರೆಯ ತೂಬು ಎತ್ತಿದಂತಾಯಿತು. ಸೂರ್ಯನಾರಾಯಣರು ಎಡಗೈಯಿಂದ ಕನ್ನಡಕ ಸರಿಮಾಡಿಕೊಂಡು ಪುಲ್ಲಿಂಗದಿಂದ ಶುರುಮಾಡಿ, ಸ್ತ್ರೀಲಿಂಗ ಮುಗಿಸಿ, ಬಹುವಚನಕ್ಕೆ ಬಂದರು. ಅಲಮೇಲು ಎದ್ದು ಆರಿಹೋದ ಸಾರನ್ನು ಮತ್ತೆ ಒಲೆಯ ಮೇಲಿಟ್ಟಳು. ಕೇಳಬಾರದಿತ್ತು ಎಂದು ಚೈತನ್ಯಾಳಿಗೆ ಅನ್ನಿಸಿತು, ಆದರೂ ಕೂತು ಕೇಳಿದಳು.